ಒಂದೇ ಕಂಪ್ಯೂಟರಿನಲ್ಲಿ ಮೂರು ಮೈಎಸ್‌ಕ್ಯೂಎಲ್: 3306 ಪೋರ್ಟ್ ಖಾಲಿ ಬಿಟ್ಟ ಕಥೆ

ಚಿಕ್ಕಮಗಳೂರಿನ ಸುತ್ತಮುತ್ತಲ ಕಾಫಿ ತೋಟಗಳಿಗೆ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಮತ್ತು ಬಟವಾಡೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆ, ಆಚೆ ಸಕಲೇಶಪುರದವರೆಗೂ ಗಿರಾಕಿಗಳಿದ್ದಾರೆ. ಎಲ್ಲರ ಹತ್ತಿರವೂ ಡೇಟಾಬೇಸ್ ಮೈಎಸ್‌ಕ್ಯೂಎಲ್ಲೇ. ಆದರೆ ವರ್ಷನ್ ಮಾತ್ರ ಒಂದೊಂದು ಕಡೆ ಒಂದೊಂದು. ಹಳೆಯ ತೋಟಗಳಲ್ಲಿ 5.7, ಆಮೇಲೆ ಹಾಕಿದ ಕಡೆ 8.0, ಈಗ ಹೊಸದಾಗಿ ಕೊಡುವುದು 8.4.

5.7ಕ್ಕೆ 2023ರ ಅಕ್ಟೋಬರಿನಲ್ಲೇ ಸಪೋರ್ಟ್ ನಿಂತಿದೆ. 8.0ಕ್ಕೂ 2026ರ ಏಪ್ರಿಲ್‌ವರೆಗೆ ಮಾತ್ರ. ಅಂದರೆ ಎಲ್ಲರನ್ನೂ 8.4ಕ್ಕೆ ತರಬೇಕು. 5.7ರ ಡೇಟಾ ಫೋಲ್ಡರನ್ನು ನೇರವಾಗಿ 8.4 ತೆರೆಯುವುದಿಲ್ಲ, ನಡುವೆ 8.0ರಲ್ಲಿ ಒಮ್ಮೆ ಹಾದು ಬರಬೇಕು. ಗಿರಾಕಿಯ ಕಂಪ್ಯೂಟರಿನಲ್ಲಿ ಹೋಗಿ ಇದನ್ನೆಲ್ಲ ಪ್ರಯೋಗ ಮಾಡಲು ಆಗುತ್ತಾ? ಶನಿವಾರ ಬಟವಾಡೆ ನಿಂತರೆ ತೋಟದ ಮುಂದೆ ಜನ ಸೇರುತ್ತಾರೆ. ಹಾಗಾಗಿ ಮೂರೂ ವರ್ಷನ್ ನನ್ನ ಮೇಜಿನ ಮೇಲಿನ ವಿಂಡೋಸ್ ಕಂಪ್ಯೂಟರಿನಲ್ಲೇ ಓಡಬೇಕಿತ್ತು.

ಡಾಕರ್ (ಪ್ರತಿ ಪ್ರೋಗ್ರಾಮನ್ನೂ ಅದರದೇ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಹಾಕಿದರೆ ಸುಲಭ ಅಂತ ಬೆಂಗಳೂರಿನ ಗೆಳೆಯರು ಹೇಳಿದರು. ನಿಜ. ಆದರೆ ನನ್ನ ಹತ್ತಿರ ಇರುವುದು 8 ಜಿಬಿ ರ‍್ಯಾಮ್. ಅದೂ ಅಲ್ಲದೆ ತೋಟಗಳಲ್ಲಿ ಮೈಎಸ್‌ಕ್ಯೂಎಲ್ ಓಡುವುದು ವಿಂಡೋಸ್ ಸರ್ವೀಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ. ಅಲ್ಲಿ ಇರುವ ಹಾಗೆಯೇ ಇಲ್ಲೂ ಇದ್ದರೆ ತೊಂದರೆ ಮೊದಲೇ ಕಾಣುತ್ತದೆ ಅನ್ನುವುದು ನನ್ನ ಲೆಕ್ಕ.

ಇನ್‌ಸ್ಟಾಲರ್ ಮುಟ್ಟಲಿಲ್ಲ. ಮೂರು ವರ್ಷನ್ನಿನ ಜಿಪ್ ಫೈಲ್ ಇಳಿಸಿಕೊಂಡು ಡಿ ಡ್ರೈವಿನಲ್ಲಿ ಮೂರು ಫೋಲ್ಡರಿಗೆ ಬಿಡಿಸಿದೆ. ಪ್ರತಿಯೊಂದಕ್ಕೂ ಬೇರೆ ಡೇಟಾ ಫೋಲ್ಡರ್, ಬೇರೆ ಮೈ.ಐಎನ್‌ಐ ಫೈಲ್ (ಸೆಟ್ಟಿಂಗ್ ಬರೆಯುವ ಫೈಲ್), ಬೇರೆ ಸರ್ವೀಸ್ ಹೆಸರು. ಈ ಮೈ.ಐಎನ್‌ಐ ಒಳಗೆ ದಾರಿ ಬರೆಯುವಾಗ ಮಾತ್ರ ಹುಷಾರು. ವಿಂಡೋಸ್ ಅಭ್ಯಾಸದಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿದರೆ, ಅದರ ಪಕ್ಕ ‘ಎಸ್’ ಅಕ್ಷರ ಬಂದಾಗ ಮೈಎಸ್‌ಕ್ಯೂಎಲ್ ಅದನ್ನು ಖಾಲಿ ಜಾಗ ಅಂತ ಓದುತ್ತದೆ. ‘ಟಿ’ ಬಂದರೆ ಟ್ಯಾಬ್. ಫೋಲ್ಡರಿನ ಹೆಸರು ‘ಎಸ್‌ಕ್ಯೂಎಲ್’ ಅಂತ ಶುರುವಾದರೆ ಕೆಲಸ ಕೆಟ್ಟಿತು. ಮುಂದಕ್ಕೆ ವಾಲಿದ ಸ್ಲ್ಯಾಶ್ ಹಾಕಿ, ವಿಂಡೋಸಿನಲ್ಲೂ ಅದು ನಡೆಯುತ್ತದೆ.

ಪೋರ್ಟ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಯೋಚಿಸಿದೆ. ಪೋರ್ಟ್ ಅಂದರೆ ಪ್ರೋಗ್ರಾಮುಗಳು ಸರ್ವರನ್ನು ಹುಡುಕಿಕೊಂಡು ಬರುವ ಬಾಗಿಲಿನ ನಂಬರ್. ಸಾಮಾನ್ಯವಾಗಿ ಮೊದಲನೆಯದು 3306ರಲ್ಲೇ ಇರುತ್ತದೆ, ಮುಂದಿನದಕ್ಕೆ 3307, 3308 ಕೊಡುತ್ತಾರೆ. ನಾನು 5.7ಕ್ಕೆ 3357, 8.0ಗೆ 3380, 8.4ಕ್ಕೆ 3384 ಕೊಟ್ಟೆ. ನಂಬರ್ ನೋಡಿದ ಕೂಡಲೇ ವರ್ಷನ್ ಗೊತ್ತಾಗುತ್ತದೆ. 3306 ಅನ್ನು ಬೇಕಂತಲೇ ಖಾಲಿ ಬಿಟ್ಟೆ. ಯಾಕೆಂದರೆ ಪೋರ್ಟ್ ಹೇಳದೆ ಇರುವ ಪ್ರತಿ ಪ್ರೋಗ್ರಾಮೂ ತಾನಾಗೇ 3306ಕ್ಕೆ ಹೋಗಿ ಬಾಗಿಲು ತಟ್ಟುತ್ತದೆ. ಅಲ್ಲಿ ಯಾವುದಾದರೂ ಸರ್ವರ್ ಕೂತಿದ್ದರೆ ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತದೆ, ಪರೀಕ್ಷೆ ಯಾವುದರ ಮೇಲೆ ನಡೆಯಿತು ಅನ್ನುವುದೇ ತಿಳಿಯುವುದಿಲ್ಲ. ಯಾರೂ ಇಲ್ಲದಿದ್ದರೆ ಎರರ್ ಬರುತ್ತದೆ. ಆ ಎರರೇ ನನಗೆ ಬೇಕಾದದ್ದು.

ಮೂರನ್ನು ಓಡಿಸುವುದು ಕಷ್ಟವಲ್ಲ. ಈಗ ಯಾವುದರ ಹತ್ತಿರ ಮಾತಾಡುತ್ತಿದ್ದೇನೆ ಅನ್ನುವುದನ್ನು ಖಚಿತ ಮಾಡಿಕೊಳ್ಳುವುದೇ ಕಷ್ಟ. ಕನೆಕ್ಟ್ ಆದ ಮೇಲೆ ಮೊದಲ ಪ್ರಶ್ನೆಯಾಗಿ ವರ್ಷನ್, ಪೋರ್ಟ್, ಡೇಟಾ ಫೋಲ್ಡರ್ ಮೂರನ್ನೂ ಕೇಳುತ್ತೇನೆ. ಕಮಾಂಡ್ ಕಿಟಕಿಗೂ ಬಣ್ಣ ಹಾಕಿದ್ದೇನೆ: 5.7ಕ್ಕೆ ಕೆಂಪು, 8.0ಗೆ ನೀಲಿ, 8.4ಕ್ಕೆ ಹಸಿರು. ಲಿನಕ್ಸ್‌ನಲ್ಲಿ ಮಾಡುವವರಿಗೆ ಇನ್ನೊಂದು ಮಾತು. ಅಲ್ಲಿ ‘ಲೋಕಲ್‌ಹೋಸ್ಟ್’ (ಇದೇ ಕಂಪ್ಯೂಟರ್) ಅಂತ ಕೊಟ್ಟರೆ ಕ್ಲೈಂಟ್ ಪೋರ್ಟ್ ಬಿಟ್ಟು ಸಾಕೆಟ್ ಫೈಲ್ ಹಿಡಿದು ಹೋಗುತ್ತದೆ, ನೀವು ಕೊಟ್ಟ ಪೋರ್ಟ್ ನಂಬರ್ ಲೆಕ್ಕಕ್ಕೇ ಇಲ್ಲ. ಇದೇ ಕಂಪ್ಯೂಟರಿನ ನಂಬರ್ ವಿಳಾಸ 127.0.0.1 ಅಂತಲೇ ಬರೆಯಬೇಕು.

8.0 ಮತ್ತು 8.4 ಎರಡೂ ಎಕ್ಸ್ ಪ್ರೋಟೋಕಾಲ್ ಅಂತ ಒಂದಕ್ಕೆ 33060 ಪೋರ್ಟನ್ನೂ ಹಿಡಿಯಲು ನೋಡುತ್ತವೆ. ನನಗೆ ಅದರ ಉಪಯೋಗವಿಲ್ಲ, ಎರಡರಲ್ಲೂ ಆಫ್ ಮಾಡಿದೆ. ಬೈಂಡ್ ಅಡ್ರೆಸ್, ಅಂದರೆ ಸರ್ವರ್ ಕಿವಿಗೊಡುವ ವಿಳಾಸ, 127.0.0.1. ಡೇಟಾದಲ್ಲಿ ಜನರ ಕೂಲಿ, ಮುಂಗಡ ಎಲ್ಲ ಇರುತ್ತದಲ್ವಾ, ಹೊರಗಿನಿಂದ ಯಾರೂ ಬರುವುದು ಬೇಡ. ರ‍್ಯಾಮ್ ಉಳಿಸಲು ಸರ್ವರಿನ ಒಳಗಿನ ಕೆಲಸ ಅಳೆಯುವ ಪರ್ಫಾರ್ಮೆನ್ಸ್ ಸ್ಕೀಮಾ ಆಫ್ ಮಾಡಿದೆ, ಓದಿದ ಡೇಟಾ ಇಟ್ಟುಕೊಳ್ಳುವ ಬಫರ್ ಪೂಲ್ 128 ಎಂಬಿಯಲ್ಲೇ ಬಿಟ್ಟೆ. ಸರ್ವೀಸ್‌ಗಳೆಲ್ಲ ಮ್ಯಾನ್ಯುಯಲ್, ನಾನು ಶುರು ಮಾಡಿದರೆ ಮಾತ್ರ ಓಡುತ್ತವೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಳಿ ಹೋಗುವುದಿಲ್ಲ, ಬೇಕಾದದ್ದು ಮಾತ್ರ ಓಡುತ್ತಿದ್ದರೆ ರಿಕವರಿ ಆಗಬೇಕಾದದ್ದೂ ಒಂದೇ.

ಡೇಟಾ ಫೋಲ್ಡರಿನ ವಿಷಯದಲ್ಲಿ ನನ್ನದು ಒಂದೇ ಕಟ್ಟುನಿಟ್ಟು: ತೋಟದಿಂದ ತಂದ ಮೂಲ ಪ್ರತಿಗೆ ಯಾವ ಸರ್ವರನ್ನೂ ಕಟ್ಟುವುದಿಲ್ಲ. ಪ್ರತಿ ಸಲ ಅದರ ನಕಲು ಮಾಡಿಯೇ ಕೆಲಸ. 8.0 ಒಮ್ಮೆ 5.7ರ ಫೋಲ್ಡರ್ ತೆರೆಯಿತು ಅಂದರೆ ತಾನೇ ಅಪ್‌ಗ್ರೇಡ್ ಮಾಡಿಬಿಡುತ್ತದೆ. ಆಮೇಲೆ 5.7 ಅದನ್ನು ತೆರೆಯುವುದಿಲ್ಲ.

ಬ್ಯಾಕಪ್ ತೆಗೆಯುವ ಮೈಎಸ್‌ಕ್ಯೂಎಲ್‌ಡಂಪ್ ಕೂಡ ವರ್ಷನ್ನಿಗೆ ತಕ್ಕದ್ದೇ ಇರಬೇಕು. 8.0ರ ಡಂಪ್ ಹಿಡಿದು 5.7ರ ಹತ್ತಿರ ಹೋದರೆ ‘ಕಾಲಮ್ ಸ್ಟ್ಯಾಟಿಸ್ಟಿಕ್ಸ್’ ಟೇಬಲ್ ಇಲ್ಲ ಅಂತ ನಿಲ್ಲುತ್ತದೆ. ಡಂಪ್‌ನಲ್ಲಿ ಅದೇ ಹೆಸರಿನ ಆಯ್ಕೆಯನ್ನು ಸೊನ್ನೆ ಮಾಡಿದರೆ ನಡೆಯುತ್ತದೆ. ಆದರೂ ಪಾತ್‌ನಲ್ಲಿ (ವಿಂಡೋಸ್ ಪ್ರೋಗ್ರಾಮುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ) ಯಾವುದನ್ನೂ ಸೇರಿಸದೆ, ಪ್ರತಿ ಸಲ ಪೂರ್ತಿ ದಾರಿ ಬರೆಯುವುದೇ ವಾಸಿ. ಪವರ್‌ಶೆಲ್‌ನಲ್ಲಿ ಬಾಣದ ಗುರುತಿನಿಂದ (>) ಫೈಲಿಗೆ ಬರೆಸಬೇಡಿ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ ಅದನ್ನು ಯುಟಿಎಫ್-16 ಅನ್ನುವ ಅಕ್ಷರ ಸಂಕೇತದಲ್ಲಿ ಬರೆಯುತ್ತದೆ, ತಿರುಗಿ ಹಾಕುವಾಗ ಮೈಎಸ್‌ಕ್ಯೂಎಲ್ ಒಪ್ಪುವುದಿಲ್ಲ. ರಿಸಲ್ಟ್-ಫೈಲ್ ಆಯ್ಕೆ ಇರುವುದೇ ಅದಕ್ಕೆ.

ಇನ್ನು ಪರೀಕ್ಷೆಯಲ್ಲಿ ಸಿಕ್ಕಿದ್ದು. ಮೇಸ್ತ್ರಿಗಳ ಗುಂಪಿಗೆ ಹಳೆಯ ಪ್ರೋಗ್ರಾಮಿನಲ್ಲಿ ‘ಗ್ರೂಪ್ಸ್’ ಅಂತ ಟೇಬಲ್ ಇತ್ತು. 8.0ರಲ್ಲಿ ಅದು ಮೀಸಲು ಪದ (ಮೈಎಸ್‌ಕ್ಯೂಎಲ್ ತನ್ನ ಬಳಕೆಗೇ ಇಟ್ಟುಕೊಂಡದ್ದು), ಕ್ವೆರಿ ಅಲ್ಲೇ ನಿಂತಿತು. ಕಾಫಿ ದರ್ಜೆಗೆ ಇಟ್ಟಿದ್ದ ‘ರ‍್ಯಾಂಕ್’ ಕಾಲಮಿನ ಗತಿಯೂ ಅದೇ. ಇವನ್ನೆಲ್ಲ ಮೈಎಸ್‌ಕ್ಯೂಎಲ್ ಶೆಲ್‌ನ ಅಪ್‌ಗ್ರೇಡ್ ಚೆಕರ್ ಮೊದಲೇ ಹೇಳುತ್ತದೆ. ಅದು ಹೇಳದೆ ಇರುವುದು ಬೇರೆ ಇದೆ. 5.7ರಲ್ಲಿ ಗ್ರೂಪ್ ಬೈ (ಗುಂಪು ಮಾಡಿ ಮೊತ್ತ ತೆಗೆಯುವುದು) ಮಾಡಿದರೆ ಫಲಿತಾಂಶ ತಾನಾಗೇ ಆ ಕ್ರಮದಲ್ಲಿ ಜೋಡಿಸಿಕೊಂಡು ಬರುತ್ತಿತ್ತು. 8.0ರಿಂದ ಆ ಗ್ಯಾರಂಟಿ ಇಲ್ಲ. ಮೊತ್ತ ಸರಿ, ಎರರ್ ಇಲ್ಲ, ಆದರೆ ಮೇಸ್ತ್ರಿಗಳ ಸಾಲು ಹಿಂದೆ ಮುಂದೆ. ಕಾಗದ ಹಿಡಿದು ಸಾಲಾಗಿ ದುಡ್ಡು ಎಣಿಸುವ ರೈಟ್ರಿಗೆ (ತೋಟದ ಲೆಕ್ಕ ಬರೆಯುವವರು) ಅದು ದೊಡ್ಡ ತಲೆನೋವು. ಒಂದೇ ರಿಪೋರ್ಟನ್ನು ಎರಡು ಪೋರ್ಟಿನಿಂದ ತೆಗೆದು ಪಕ್ಕ ಪಕ್ಕ ಇಟ್ಟಾಗಲೇ ಇದು ಕಂಡಿದ್ದು. ಎಲ್ಲ ಕಡೆ ಕ್ರಮ ಹೇಳುವ ಆರ್ಡರ್ ಬೈ ಸೇರಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಕನ್ನಡ ಹೆಸರುಗಳು. 5.7ರ ಡಿಫಾಲ್ಟ್ ಲ್ಯಾಟಿನ್1, ಅಂದರೆ ಇಂಗ್ಲಿಷಿನಂಥ ಭಾಷೆಗಳ ಅಕ್ಷರ ಸಂಕೇತ. ಹಳೆಯ ಪ್ರೋಗ್ರಾಮ್ ಕನ್ನಡದ ಬೈಟುಗಳನ್ನೇ ಲ್ಯಾಟಿನ್ ಅಂತ ಹೇಳಿ ತುಂಬಿ, ಹಾಗೇ ವಾಪಸ್ ತೆಗೆಯುತ್ತಿತ್ತು. ಅದಕ್ಕೆ ಎಲ್ಲ ಸರಿಯಾಗಿ ಕಾಣುತ್ತಿತ್ತು. ಹೊಸ ಪ್ರೋಗ್ರಾಮ್ ಯುಟಿಎಫ್8ಎಂಬಿ4ರಲ್ಲಿ (ಕನ್ನಡವೂ ಸೇರಿದ ಸಂಕೇತ) ಕೇಳಿದಾಗ ಸರ್ವರ್ ತಿಳಿದವರ ಹಾಗೆ ಪರಿವರ್ತನೆ ಮಾಡುತ್ತದೆ, ಹೆಸರೆಲ್ಲ ಕಸ. ದಾರಿ ಇಷ್ಟೇ: 5.7ರಲ್ಲೇ ಆ ಕಾಲಮನ್ನು ಮೊದಲು ವಾರ್‌ಬೈನರಿ (ಬರೀ ಬೈಟುಗಳ ಕಾಲಮ್) ಮಾಡಿ, ಆಮೇಲೆ ಯುಟಿಎಫ್8ಎಂಬಿ4ರ ವಾರ್‌ಚಾರ್ (ಅಕ್ಷರಗಳ ಕಾಲಮ್) ಮಾಡುವುದು. ನೇರವಾಗಿ ಮಾಡಿದರೆ ಕಸವೇ ಗಟ್ಟಿಯಾಗುತ್ತದೆ.

ಆದರೂ ಕೆಲವು ಸಾಲು ಹಟ ಹಿಡಿದವು. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. 30 ಬೈಟಿನ ಹಳೆಯ ಕಾಲಮಿನಲ್ಲಿ ಹಿಡಿಯುವುದು ಹತ್ತೇ, ಅದರಲ್ಲಿ ಒತ್ತು, ಗುಣಿತವೂ ಲೆಕ್ಕಕ್ಕೆ ಬರುತ್ತವೆ. ನಡುವೆ ಒಂದು ಸ್ಪೇಸೋ ಇನಿಶಿಯಲ್ಲೋ ಇದ್ದರೆ ಕೊನೆಯ ಚಿಹ್ನೆ ಅದರ ಮೂರು ಬೈಟಿನ ನಡುವೆಯೇ ತುಂಡಾಗಿರುತ್ತದೆ. ಅದಕ್ಕೆ ಪ್ರೋಗ್ರಾಮಿನಲ್ಲಿ ಮದ್ದಿಲ್ಲ. ಫೋನ್ ಮಾಡಿ, “ರೈಟ್ರೇ, ಈ ಹೆಸರು ಪೂರ್ತಿ ಏನು ಹೇಳಿ” ಅಂತ ಕೇಳಿ ತುಂಬಿಸಿದೆ.

8.4ರಲ್ಲಿ ಹಳೆಯ ಪ್ರೋಗ್ರಾಮ್ ಲಾಗಿನ್ನೇ ಆಗಲಿಲ್ಲ. ಮೈಎಸ್‌ಕ್ಯೂಎಲ್ ನೇಟಿವ್ ಪಾಸ್‌ವರ್ಡ್ ಅನ್ನುವ ಹಳೆಯ ವಿಧಾನ ಅದರಲ್ಲಿ ಡಿಫಾಲ್ಟ್ ಆಗಿ ಆಫ್. ಮೈ.ಐಎನ್‌ಐನಲ್ಲಿ ಆನ್ ಮಾಡಬಹುದು, ಆದರೆ 9.0ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಅದಕ್ಕೇ ಪ್ರೋಗ್ರಾಮನ್ನು ಸರ್ವರಿಗೆ ಜೋಡಿಸುವ ಕನೆಕ್ಟರನ್ನೇ ಹೊಸದು ಮಾಡಿದೆ.

3357ರ ಸರ್ವೀಸ್ ಇನ್ನೂ ತೆಗೆದಿಲ್ಲ. 5.7 ಬಿಡದ ತೋಟಗಳು ಇನ್ನೂ ಇವೆ. ಕೊಯ್ಲು ಮುಗಿಯುವವರೆಗೆ ಕಂಪ್ಯೂಟರ್ ಮುಟ್ಟಬೇಡಿ ಅಂದಿದ್ದಾರೆ, ಅದು ಸರಿಯೇ.