ಪುಟ್ಟಿ ಕಲಸುವ ರಾಡ್ ತೊಳೆಯಲು ಒಂದು ಬ್ರಷ್ ಬಕೆಟ್: ಹಳೇ ಪೇಂಟ್ ಡಬ್ಬದಲ್ಲೇ ಮಾಡಿಕೊಳ್ಳಿ

ಕೆಲಸ ಮುಗಿದ ಮೇಲೆ ಪುಟ್ಟಿ ಕಲಸುವ ರಾಡನ್ನು, ಅಂದರೆ ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸುವ ರೆಕ್ಕೆಯ ಸರಳನ್ನು, ನೀರಿನ ಬಕೆಟ್ಟಿಗೆ ಹಾಕಿಟ್ಟರೆ ಸಾಕು, ನಾಳೆ ಬೆಳಿಗ್ಗೆ ತೊಳೆದರಾಯಿತು ಅಂತ ಬಹಳ ಜನ ನಂಬಿದ್ದಾರೆ. ಎಮಲ್ಷನ್ ಪೇಂಟಿನ ವಿಷಯದಲ್ಲಿ ಇದು ಅರ್ಧ ಸರಿ. ಸಿಮೆಂಟ್ ಇರುವ ಪುಟ್ಟಿ, ಟೈಲ್ಸ್ ಗಮ್, ಗಾರೆ ವಿಷಯದಲ್ಲಿ ಪೂರ್ತಿ ತಪ್ಪು. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರಿನ ಜೊತೆ ಸೇರಿ ಬೇರೆಯದೇ ವಸ್ತುವಾಗಿ ಗಟ್ಟಿಯಾಗುತ್ತದೆ. ಮೋಲ್ಡ್ ಹಾಕಿದ ಮಾರನೇ ದಿನದಿಂದ ಅದರ ಮೇಲೆ ನೀರು ನಿಲ್ಲಿಸುತ್ತೇವಲ್ಲ, ಅದು ಯಾಕೆ? ಒಣಗಬಾರದು, ನೀರು ಕುಡಿದು ಗಟ್ಟಿಯಾಗಲಿ ಅಂತ. ರಾಡನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡುವುದೂ ಅದೇ ಕೆಲಸ. ಅಂದರೆ ಅದಕ್ಕೆ ಅಂಟಿದ ಪುಟ್ಟಿಗೆ ನೀವು ಪುಕ್ಕಟೆ ಕ್ಯೂರಿಂಗ್ ಮಾಡಿಕೊಟ್ಟ ಹಾಗಾಯಿತು.

ಹಾಗಾಗಿ ಈ ರಾಡನ್ನು ನೆನೆಸುವುದಲ್ಲ, ಕಲಸಿದ ಕೂಡಲೇ ತೊಳೆಯಬೇಕು. ಆದರೆ ಕೂಡಲೇ ತೊಳೆಯಲು ಯಾರಿಗೂ ಮನಸ್ಸಿರುವುದಿಲ್ಲ, ಯಾಕೆಂದರೆ ಕಲಸಿದ ಮಾಲು ಬಕೆಟ್ಟಿನಲ್ಲಿ ಕಾಯುತ್ತಿರುತ್ತದೆ, ಅದನ್ನು ಗೋಡೆಗೆ ಎಳೆಯುವ ಅವಸರ ಇರುತ್ತದೆ. ಸುರುಳಿ ಸುರುಳಿಯಾಗಿರುವ ರೆಕ್ಕೆಯ ಸಂದಿಯೊಳಗೆ ಕೈ ಹಾಕಿ ಉಜ್ಜುತ್ತಾ ಕೂರುವ ಪುರುಸೊತ್ತು ಯಾರಿಗಿದೆ? ಅದಕ್ಕೇ ಈ ಬಕೆಟ್. ರಾಡನ್ನು ಮೆಷಿನ್ನಿನಿಂದ ಬಿಚ್ಚುವುದೇ ಬೇಡ. ಕಬ್ಬಿಣದ ಈ ಕಡಗೋಲನ್ನು ತಿರುಗಿಸಿ ಮಾಲು ಕಲಸಿದ ಮೆಷಿನ್ನೇ ಬ್ರಷ್‌ಗಳ ನಡುವೆ ತಿರುಗಿಸಿ ಅದನ್ನು ತೊಳೆದುಬಿಡಲಿ. ಒಂದು ನಿಮಿಷದೊಳಗಿನ ಕೆಲಸ.

ಹೊರದೇಶಗಳಲ್ಲಿ ಇಂಥ ಬಕೆಟ್ ರೆಡಿಮೇಡ್ ಸಿಗುತ್ತದೆ. ನಮ್ಮ ಸೈಟುಗಳಿಗೆ ಅಷ್ಟು ದುಡ್ಡು ಹಾಕುವ ಅಗತ್ಯವೇನೂ ಇಲ್ಲ.

ಬೇಕಾಗುವ ಸಾಮಾನು

20 ಲೀಟರಿನ ಖಾಲಿ ಪೇಂಟ್ ಬಕೆಟ್ ಮುಚ್ಚಳದ ಸಮೇತ ಒಂದು, ಮುಚ್ಚಳ ಇಲ್ಲದ್ದು ಇನ್ನೊಂದು. ಪೇಂಟ್ ಮಾಡಿಸಿದ ಮನೆಯಲ್ಲಿ ಇವಕ್ಕೇನೂ ಬರವಿಲ್ಲ. ಬೇರೆ ಯಾವುದಾದರೂ ಹಾಳು ಬಕೆಟ್ಟಿನ ಮುಚ್ಚಳವೂ ಒಂದಿರಲಿ. ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬ್ರಷ್ 4, ಕೂದಲು ಗಟ್ಟಿಯಾಗಿರುವಂಥದ್ದು, ಹಿಡಿ ಇಲ್ಲದ್ದು. ಕೂದಲು ಮೆತ್ತಗಿದ್ದರೆ ಪುಟ್ಟಿಯನ್ನು ಸುಮ್ನೆ ಸವರುತ್ತದೆ ಅಷ್ಟೇ. 6 ಎಂಎಂ ದಪ್ಪದ, 3 ಇಂಚು ಉದ್ದದ ಸ್ಟೀಲ್ ಬೋಲ್ಟ್ 6, ಅದಕ್ಕೆ ನಟ್, ಉಕ್ಕಿನ ವಾಷರ್, ರಬ್ಬರ್ ವಾಷರ್. ಎರಡಕ್ಕೆ ಮಾತ್ರ ಕೈಯಲ್ಲೇ ತಿರುಗಿಸಬಹುದಾದ ರೆಕ್ಕೆಯ ನಟ್ ತನ್ನಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ತಳದ ಬ್ರಷ್ಷಿಗೆ ಎರಡು ಗಿಡ್ಡ ಬೋಲ್ಟ್, ಕಾಲುಗಳಿಗೆ ಮೂರು ಸಣ್ಣ ಸ್ಕ್ರೂ. ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡುಗಳು. ಸ್ಕೂಟರಿನ ಹಳೇ ಟ್ಯೂಬಿನ ಒಂದು ಅಂಗೈಯಗಲ ಚೂರು.

ಕಟ್ಟುವ ಕೆಲಸ

ಮೊದಲು ನಿಮ್ಮ ರಾಡಿನ ತುದಿಯ ಅಗಲ ಅಳೆಯಿರಿ. ಸಾಮಾನ್ಯ ಡ್ರಿಲ್ಲಿಂಗ್ ಮೆಷಿನ್ನಿಗೆ ಹಾಕುವ ರಾಡ್ 8ರಿಂದ 10 ಸೆಂ.ಮೀ. ಇರುತ್ತದೆ, ಎರಡು ಹಿಡಿಯ ದೊಡ್ಡ ಮಿಕ್ಸರ್‌ನದು 12 ಅಥವಾ 14 ಇರಬಹುದು. ಇಡೀ ಬಕೆಟ್ಟಿನ ಲೆಕ್ಕ ಈ ಒಂದು ಅಳತೆಯ ಮೇಲೆ ನಿಂತಿದೆ. ಬ್ರಷ್ಷಿನ ಕೂದಲ ತುದಿಗಳ ನಡುವೆ ಉಳಿಯುವ ಜಾಗ ರಾಡಿನ ಅಗಲಕ್ಕಿಂತ 1 ಸೆಂ.ಮೀ.ನಷ್ಟು ಕಡಿಮೆ ಇರಬೇಕು. ಜಾಸ್ತಿ ಬಿಗಿಯಾದರೆ ಮೆಷಿನ್ ಒದ್ದಾಡುತ್ತದೆ, ಕೂದಲು ಬೇಗ ಮಡಚಿಕೊಳ್ಳುತ್ತದೆ. ಸಡಿಲವಾದರೆ ನೀರು ಗಿರಗಿರ ಸುತ್ತುತ್ತದೆ, ಪುಟ್ಟಿ ಇದ್ದಲ್ಲೇ ಇರುತ್ತದೆ.

ಈಗ ತಳದ ತಟ್ಟೆ. ಹಾಳು ಮುಚ್ಚಳವನ್ನು ಬಕೆಟ್ಟಿನೊಳಗೆ ಇಳಿಯುವಷ್ಟು ದುಂಡಗೆ ಕತ್ತರಿಸಿ. ಅದರ ತುಂಬ 10 ಎಂಎಂ ಬಿಟ್ಟಿನಲ್ಲಿ ತೂತು ಹಾಕಿ. ನಡುವೆ ಒಂದು ಬ್ರಷ್ಷನ್ನು ಕೂದಲು ಮೇಲೆ ಬರುವಂತೆ ಗಿಡ್ಡ ಬೋಲ್ಟಿನಿಂದ ಬಿಗಿಯಿರಿ, ಕೆಳಗಡೆ ಪೈಪಿನ 3 ಇಂಚು ಉದ್ದದ ಮೂರು ತುಂಡುಗಳನ್ನು ಕಾಲಿನ ಹಾಗೆ ಸ್ಕ್ರೂ ಹಾಕಿ ನಿಲ್ಲಿಸಿ. ಈ ತಟ್ಟೆಗೆ ಎರಡು ಕೆಲಸ. ರಾಡಿನ ತಳಭಾಗವನ್ನು ಉಜ್ಜುವುದು ಒಂದು. ಅದಕ್ಕಿಂತ ಮುಖ್ಯ, ಉದುರಿದ ಪುಟ್ಟಿ, ಮರಳು ತೂತಿನಿಂದ ಕೆಳಗಿಳಿದು ಅಲ್ಲೇ ಕೂರುತ್ತದೆ, ರಾಡ್ ಎಷ್ಟು ತಿರುಗಿದರೂ ಮತ್ತೆ ಅಷ್ಟಾಗಿ ಮೇಲೇಳುವುದಿಲ್ಲ. ಇದು ಇಲ್ಲದಿದ್ದರೆ ಎರಡನೇ ಸಲ ತೊಳೆಯುವ ಹೊತ್ತಿಗೆ ನೀರು ಅಂಬಲಿಯಾಗಿರುತ್ತದೆ. ತಟ್ಟೆ ಬೇಡ, ತಲೆನೋವು ಅಂತ ಬಿಡುವವರಿದ್ದಾರೆ. ಬಿಡಬೇಡಿ.

ತಟ್ಟೆಯನ್ನು ಇಳಿಸಿದ ಮೇಲೆ ಪಕ್ಕದ ಮೂರು ಬ್ರಷ್. ಬಕೆಟ್ಟಿನ ಸುತ್ತಳತೆಯನ್ನು ಮೂರು ಸಮಭಾಗ ಮಾಡಿ ಗುರುತು ಹಾಕಿ, ಒಂದೊಂದು ಗುರುತಿಗೂ ಒಂದು ಬ್ರಷ್ ಉದ್ದುದ್ದಕ್ಕೆ ನಿಲ್ಲಬೇಕು, ಅದರ ಕೆಳತುದಿ ತಟ್ಟೆಯನ್ನು ಹೆಚ್ಚುಕಡಿಮೆ ಮುಟ್ಟುತ್ತಿರಬೇಕು. ಪ್ಲಾಸ್ಟಿಕ್ ತಟ್ಟೆ ನೀರಿನಲ್ಲಿ ತೇಲುತ್ತದಲ್ವಾ, ಅದನ್ನು ಒತ್ತಿ ಹಿಡಿಯುವುದು ಈ ಬ್ರಷ್‌ಗಳೇ. ಬಕೆಟ್ಟಿನ ತಳದಲ್ಲಿ ಒಳಗಿನ ಅಗಲ ಹೆಚ್ಚುಕಡಿಮೆ 26 ಸೆಂ.ಮೀ. ಇರುತ್ತದೆ, ಬ್ರಷ್ಷಿನ ದಪ್ಪ 4–5 ಸೆಂ.ಮೀ. ಗೋಡೆಗೆ ಅಂಟಿಸಿದ ಹಾಗೆ ಕೂರಿಸಿದರೆ ನಡುವೆ 16–18 ಸೆಂ.ಮೀ. ಜಾಗ ಉಳಿದುಬಿಡುತ್ತದೆ, 12ರ ರಾಡಿಗೆ ಅದು ತೀರಾ ಜಾಸ್ತಿ. ಅದಕ್ಕೆ ಬ್ರಷ್ಷಿಗೂ ಗೋಡೆಗೂ ನಡುವೆ ಪಿವಿಸಿ ಪೈಪಿನ ತುಂಡು ಇಟ್ಟು, ಅದರೊಳಗಿಂದ ಬೋಲ್ಟ್ ತೂರಿಸಿ. 12ರ ರಾಡಿಗೆ 3 ಸೆಂ.ಮೀ. ತುಂಡು ಸರಿಹೋಗುತ್ತದೆ. ಚಿಕ್ಕ ರಾಡಾದರೆ ತುಂಡು ಇನ್ನಷ್ಟು ಉದ್ದ ಬೇಕು, ಬೋಲ್ಟೂ ಅಷ್ಟೇ ಉದ್ದದ್ದು ತನ್ನಿ. ಮರದ ತುಂಡು ಇಡಬೇಡಿ, ನೀರು ಕುಡಿದು ಉಬ್ಬುತ್ತದೆ.

ಬೋಲ್ಟಿನ ತಲೆ ಒಳಗೆ, ಬ್ರಷ್ಷಿನ ಕೂದಲ ಬುಡದಲ್ಲಿ ಹುದುಗಿರಲಿ. ನಟ್ ಬಕೆಟ್ಟಿನ ಹೊರಗೆ. ಉಲ್ಟಾ ಹಾಕಿದರೆ ತಿರುಗುವ ರಾಡ್ ಬೋಲ್ಟಿನ ಮೂತಿಗೆ ಸಿಕ್ಕಿಕೊಂಡು ಮೆಷಿನ್ ಕೈ ತಿರುಚುತ್ತದೆ. ಹೊರಗೂ ಒಳಗೂ ರಬ್ಬರ್ ವಾಷರ್ ಹಾಕಿ ಬಿಗಿಯಿರಿ. ಎರಡು ಬ್ರಷ್ಷಿನ ತೂತುಗಳಿಗೆ ನೀರು ಸೋರದಂತೆ ಸ್ವಲ್ಪ ಸಿಲಿಕಾನ್ ಪೇಸ್ಟ್ ಹಚ್ಚಿ ಒಂದು ರಾತ್ರಿ ಬಿಡಿ. ಮೂರನೆಯದಕ್ಕೆ ಸಿಲಿಕಾನ್ ಬೇಡ, ಅಲ್ಲಿ ರೆಕ್ಕೆಯ ನಟ್ ಹಾಕಿ. ತಳದಲ್ಲಿ ಕೂತ ಕೆಸರು ತೆಗೆಯಬೇಕಾದಾಗ ಆ ಒಂದು ಬ್ರಷ್ ಬಿಚ್ಚಿದರೆ ತಟ್ಟೆ ಓರೆಯಾಗಿ ಹೊರಗೆ ಬರುತ್ತದೆ. ಅಲ್ಲಿ ಒಂದೆರಡು ಹನಿ ಸೋರಿದರೆ ಸೋರಲಿ, ಸೈಟಲ್ಲಿ ಇಡುವ ಬಕೆಟ್ ತಾನೆ.

ಕೊನೆಗೆ ಮುಚ್ಚಳ. ನಡುವೆ ಬರೀ ಒಂದು ತೂತು ಕೊರೆದರೆ ರಾಡನ್ನು ಪ್ರತಿ ಸಲ ಬಿಚ್ಚಿ ಕೆಳಗಿನಿಂದ ತೂರಿಸಬೇಕಾಗುತ್ತದೆ, ಎರಡು ದಿನಕ್ಕೆ ಬೇಜಾರಾಗಿ ಮುಚ್ಚಳವೇ ಮೂಲೆಗೆ ಹೋಗುತ್ತದೆ. ಅಂಚಿನಿಂದ ನಡುವಿನ ತನಕ 4 ಸೆಂ.ಮೀ. ಅಗಲದ ಸೀಳು ಮಾಡಿ. ರಾಡನ್ನು ಬಕೆಟ್ಟಿಗೆ ಇಳಿಸಿ, ಮುಚ್ಚಳವನ್ನು ಪಕ್ಕದಿಂದ ಸರಿಸಿ ಒತ್ತಿದರೆ ಆಯಿತು. ಸೀಳಿನ ಮೇಲೆ ಟ್ಯೂಬಿನ ಚೂರನ್ನು ಒಂದು ಕಡೆ ಮಾತ್ರ ಸ್ಕ್ರೂ ಹಾಕಿ ಬಿಡಿ, ಅದು ಬಾಗಿಲಿನ ಹಾಗೆ ಮುಚ್ಚಿಕೊಂಡು ಮೇಲೆ ನೀರು ಸಿಡಿಯದಂತೆ ತಡೆಯುತ್ತದೆ. ಈ ಮುಚ್ಚಳ ಬಟ್ಟೆ ಕೊಳೆಯಾಗದಿರಲಿ ಅಂತ ಮಾತ್ರ ಅಲ್ಲ. ಸಿಮೆಂಟಿನ ನೀರು ಬಲವಾದ ಕ್ಷಾರ, ಅದರ ಪಿ.ಎಚ್. 12 ದಾಟುತ್ತದೆ. ಕಣ್ಣಿಗೆ ಒಂದು ಹನಿ ಬಿದ್ದರೂ ತೊಂದರೆಯೇ. ಕನ್ನಡಕ, ರಬ್ಬರ್ ಗ್ಲೌಸ್ ಎರಡೂ ಇರಲಿ.

ತೊಳೆಯುವುದು ಹೀಗೆ

ಮಾಲು ಕಲಸಿ ಮುಗಿದಾಗ ರಾಡನ್ನು ಮಾಲಿನಿಂದ ಸ್ವಲ್ಪವೇ ಮೇಲೆತ್ತಿ, ಅದೇ ಬಕೆಟ್ಟಿನೊಳಗೆ ನಿಧಾನಕ್ಕೆ ಒಂದೆರಡು ಸಲ ಟ್ರಿಗರ್ ತಟ್ಟಿ ನಿಲ್ಲಿಸಿ. ಅಂಟಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಉದುರುತ್ತದೆ. ಅದು ನಿಮ್ಮ ದುಡ್ಡಿನ ಪುಟ್ಟಿ, ನೀರುಪಾಲು ಯಾಕೆ ಮಾಡಬೇಕು?

ಬ್ರಷ್ ಬಕೆಟ್ಟಿನಲ್ಲಿ ಸುಮಾರು 12 ಲೀಟರ್ ನೀರಿರಲಿ, ಬ್ರಷ್‌ಗಳು ಮುಳುಗಬೇಕು, ಮೇಲೆ ಅರ್ಧ ಗೇಣಿನಷ್ಟಾದರೂ ಖಾಲಿ ಬಿಡಿ. ರಾಡ್ ತಿರುಗುವಾಗ ನೀರು ಗೋಡೆಯ ಕಡೆ ಏರುತ್ತದೆ. ರಾಡ್ ಇಳಿಸಿ, ಮುಚ್ಚಳ ಹಾಕಿ, ಆಮೇಲೆ ಟ್ರಿಗರ್ ಒತ್ತಿ. ಈ ಕ್ರಮ ತಪ್ಪಬಾರದು. ನಿಲ್ಲಿಸುವಾಗಲೂ ಹಾಗೇ, ರಾಡ್ ಪೂರ್ತಿ ನಿಂತ ಮೇಲೆಯೇ ಮೇಲೆತ್ತಬೇಕು. ಕಡಿಮೆ ವೇಗದಲ್ಲಿ ಒಂದು 15 ಸೆಕೆಂಡ್ ತಿರುಗಿಸುತ್ತಾ ರಾಡನ್ನು ಮೇಲೆ ಕೆಳಗೆ ಆಡಿಸಿ, ಆಮೇಲೆ ನಿಲ್ಲಿಸಿ, ರಿವರ್ಸ್ ಇದ್ದರೆ ಉಲ್ಟಾ ಅಷ್ಟೇ ಹೊತ್ತು. ರೆಕ್ಕೆಯ ಹಿಂಬದಿ ಶುದ್ಧವಾಗುವುದು ಉಲ್ಟಾ ತಿರುಗಿಸಿದಾಗಲೇ. ಮನೆಯಲ್ಲಿರುವ ಸಾಮಾನ್ಯ ಡ್ರಿಲ್ಲಿಂಗ್ ಮೆಷಿನ್ ಪೂರ್ತಿ ಒತ್ತಿದರೆ ನಿಮಿಷಕ್ಕೆ 2,500 ಸುತ್ತು ದಾಟುವುದುಂಟು, ಕಲಸುವುದಕ್ಕೇ ಅದು ವಿಪರೀತ, ತೊಳೆಯುವಾಗ ಕೇಳಲೇಬೇಡಿ. ಟ್ರಿಗರ್ ಅರ್ಧ ಒತ್ತಿದರೆ ಸಾಕು. ಹ್ಯಾಮರ್ ಆಫ್ ಇರಲಿ. ಟ್ರಿಗರ್ ಲಾಕ್ ಬಟನ್ ಒತ್ತಬೇಡಿ, ರಾಡ್ ಎಲ್ಲಾದರೂ ಸಿಕ್ಕಿಕೊಂಡರೆ ಕೈ ಬಿಟ್ಟ ಕೂಡಲೇ ಮೆಷಿನ್ ನಿಲ್ಲಬೇಕು.

ಕೊನೆಗೆ ಎರಡನೇ ಬಕೆಟ್ಟಿನ ಒಳ್ಳೇ ನೀರಿನಲ್ಲಿ ನಾಲ್ಕು ಸುತ್ತು. ದಿನದ ಕೆಲಸ ಪೂರ್ತಿ ಮುಗಿದಿದ್ದರೆ ಬಟ್ಟೆಯಲ್ಲಿ ಒರೆಸಿ ನೇತು ಹಾಕಿ.

ಕರೆಂಟಿನ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ನೀರು, ಕರೆಂಟು, ಒದ್ದೆ ಕೈ ಮೂರೂ ಒಟ್ಟಿಗಿರುವ ಕೆಲಸ ಇದು. ನಮ್ಮ ಸೈಟುಗಳಲ್ಲಿ ಪ್ಲಗ್ ಇಲ್ಲದ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿಗೆ ಕೊಡುವುದು ಇನ್ನೂ ನಡೆದೇ ಇದೆ. ತಾತ್ಕಾಲಿಕ ಕನೆಕ್ಷನ್ ಆದರೂ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು, ಕರೆಂಟ್ ಮೈಗೆ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ನೆಲದ ಮೇಲೆ ಬಕೆಟ್ ಪಕ್ಕದಲ್ಲಿ ಬೇಡ, ಇಟ್ಟಿಗೆಯ ಮೇಲೆ ದೂರದಲ್ಲಿರಲಿ. ಮೆಷಿನ್ನಿನ ಮೂತಿ ಮುಚ್ಚಳಕ್ಕಿಂತ ಮೇಲೆಯೇ ಇರಬೇಕು. ರಾಡ್ ಗಿಡ್ಡವಾಗಿ, ಅದನ್ನು ಹಿಡಿಯುವ ಚಕ್ ನೀರಿನ ಹತ್ತಿರ ಬರುತ್ತದೆ ಅಂದರೆ ಆ ರಾಡಿಗೆ ಈ ಬಕೆಟ್ ಬೇಡ, ಬಿಚ್ಚಿ ಕೈಯಲ್ಲೇ ತೊಳೆಯಿರಿ.

ಆ ನೀರನ್ನು ಏನು ಮಾಡುವುದು?

ಬಾತ್‌ರೂಮಿನ ಜಾಲಿಗೆ ಮಾತ್ರ ಸುರಿಯಬೇಡಿ. ಹೊಸ ಮನೆಯ ಡ್ರೈನೇಜ್ ಕಟ್ಟಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಜಾಲಿಯ ಕೆಳಗೆ ನೀರು ನಿಲ್ಲುವ ಟ್ರ್ಯಾಪಿನೊಳಗೆ ಕೂತ ಪುಟ್ಟಿ ಅಲ್ಲೇ ನೀರಿನೊಳಗೆ ಗಟ್ಟಿಯಾಗುತ್ತದೆ, ಗೃಹಪ್ರವೇಶ ಆದ ಮೇಲೆ ಟೈಲ್ಸ್ ಒಡೆಯಬೇಕಾಗುತ್ತದೆ. ಮೋರಿ, ರಾಜಕಾಲುವೆಗೂ ಬೇಡ. ಬಕೆಟ್ಟನ್ನು ರಾತ್ರಿಯಿಡೀ ಅಲುಗಾಡಿಸದೆ ಬಿಟ್ಟರೆ ಎಲ್ಲ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಆ ತಿಳಿಯನ್ನು ಎರಡನೇ ಬಕೆಟ್ಟಿಗೆ ಬಗ್ಗಿಸಿ, ತಟ್ಟೆ ತೆಗೆದು ಕೆಳಗಿನ ಕೆಸರನ್ನು ಹಳೇ ಚೀಲಕ್ಕೆ ಸುರಿದು, ಗಟ್ಟಿಯಾದ ಮೇಲೆ ಕಟ್ಟಡದ ಡೆಬ್ರಿಸ್ ಜೊತೆ ಕಳಿಸಿ. ಇದನ್ನು ದಿನಾ ಮಾಡಬೇಕು, ಎರಡು ದಿನ ಬಿಟ್ಟರೆ ತಟ್ಟೆಯೇ ತಳಕ್ಕೆ ಅಂಟಿಕೊಳ್ಳುತ್ತದೆ. ತಿಳಿನೀರನ್ನು ಮರುದಿನ ಮೊದಲ ತೊಳೆತಕ್ಕೆ ಮತ್ತೆ ಬಳಸಬಹುದು, ಗಿಡಕ್ಕೆ ಹಾಕಬೇಡಿ, ಕ್ಷಾರ ಇರುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತು. ಪೈಪ್ ಹಿಡಿದು ರಾಡ್ ತೊಳೆಯುವ ಕಡೆ ಹರಿದುಹೋಗುವ ನೀರು ನೋಡಿದರೆ ಬಕೆಟ್ಟಿನ ಲಾಭ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಈಗಾಗಲೇ ಗಟ್ಟಿಯಾಗಿದ್ದರೆ

ಈ ಬಕೆಟ್ ಅದಕ್ಕಲ್ಲ. ಟೈಲ್ಸ್ ಗಮ್‌ನಲ್ಲಿ ಸಿಮೆಂಟ್ ಜೊತೆ ಪಾಲಿಮರ್ ಪುಡಿಯೂ ಇರುತ್ತದೆ, ಅದು ಕಬ್ಬಿಣಕ್ಕೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ರಾಡನ್ನು ಬಿಚ್ಚಿ, ಮರದ ಮೇಲಿಟ್ಟು, ಚಿಕ್ಕ ಸುತ್ತಿಗೆಯಿಂದ ಅಂಟಿದ ಗಂಟಿನ ಮೇಲೆ ಮಾತ್ರ ಮೆಲ್ಲಗೆ ತಟ್ಟಿ, ಉಳಿದದ್ದನ್ನು ತಂತಿ ಬ್ರಷ್ಷಿನಿಂದ ಕೆರೆಯಿರಿ. ಜೋರಾಗಿ ಬಡಿದು ರೆಕ್ಕೆ ಬಗ್ಗಿದರೆ ರಾಡ್ ತಿರುಗುವಾಗ ಓಲಾಡುತ್ತದೆ, ಆ ಓಲಾಟ ಮೆಷಿನ್ನಿನ ಬೇರಿಂಗ್ ತಿನ್ನುತ್ತದೆ. ಹಾಗಂತ ಗಂಟು ಇದ್ದರೆ ಇರಲಿ ಅಂತ ಬಿಡುವಂತೆಯೂ ಇಲ್ಲ. ಅದು ಮುಂದಿನ ಮಾಲಿನಲ್ಲಿ ಕಳಚಿಕೊಂಡು, ಪುಟ್ಟಿ ಪಟ್ಟಿಗೆ ಸಿಕ್ಕಿ ಗೋಡೆಯುದ್ದಕ್ಕೂ ಗೀರು ಎಳೆಯುತ್ತದೆ. ಬಾತ್‌ರೂಮ್ ಆಸಿಡ್ ಹಾಕಿದರೆ ಸಿಮೆಂಟ್ ಕರಗುವುದು ನಿಜ, ಆದರೆ ಅದರ ಜೊತೆ ರಾಡಿನ ಸತುವಿನ ಲೇಪನವೂ ಹೋಗಿ ತುಕ್ಕು ಶುರುವಾಗುತ್ತದೆ. ಆ ಆಸಿಡ್ ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷದ ಕ್ಲೋರಿನ್ ಗಾಳಿ ಹೊರಡುತ್ತದೆ. ನನ್ನನ್ನು ಕೇಳಿದರೆ ಆಸಿಡ್ ತಂಟೆಗೇ ಹೋಗಬೇಡಿ, ತೀರಾ ಕೆಟ್ಟಿದ್ದರೆ ಹೊಸ ರಾಡ್ ತನ್ನಿ.

ಪೇಂಟಿನ ಬಗ್ಗೆ ಎರಡು ಮಾತು. ಪ್ರೈಮರ್, ಎಮಲ್ಷನ್‌ಗೆ ಇದೇ ವಿಧಾನ ನಡೆಯುತ್ತದೆ, ಆದರೆ ಪುಟ್ಟಿ ತೊಳೆದ ನೀರಿನಲ್ಲಿ ಬೇಡ, ನೀರು ಬದಲಾಯಿಸಿ, ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಎನಾಮಲ್ ಪೇಂಟಿಗೆ ಮಾತ್ರ ಈ ಬಕೆಟ್ ಬೇಡವೇ ಬೇಡ. ಅದು ನೀರಿಗೆ ಬಗ್ಗುವುದಿಲ್ಲ, ಟರ್ಪೆಂಟೈನ್ ಅಥವಾ ಥಿನ್ನರ್ ಬೇಕು, ಅದರ ಆವಿ ಬೆಂಕಿಗೆ ಕಾಯುತ್ತಿರುತ್ತದೆ. ವೈರ್ ಇರುವ ಸಾಮಾನ್ಯ ಡ್ರಿಲ್ಲಿಂಗ್ ಮೆಷಿನ್ನಿನ ಒಳಗೆ ಕಾರ್ಬನ್ ಬ್ರಷ್ ಉಜ್ಜುವಲ್ಲಿ ಯಾವಾಗಲೂ ಕಿಡಿ ಹಾರುತ್ತಿರುತ್ತದೆ, ಗಾಳಿ ಹೋಗುವ ಸಂದಿಯಿಂದ ನೋಡಿದರೆ ನೀಲಿಯಾಗಿ ಕಾಣುತ್ತದೆ. ಥಿನ್ನರ್ ಬಕೆಟ್ಟಿನ ಮೇಲೆ ಅದನ್ನು ಓಡಿಸುವುದು ಅಂದರೆ ಬೆಂಕಿ ಗೀರಿದ ಹಾಗೇ. ಎನಾಮಲ್ ಕಲಸಿದ ರಾಡನ್ನು ಬಿಚ್ಚಿ, ಗಾಳಿಯಾಡುವ ಕಡೆ ಕೂತು, ಥಿನ್ನರ್ ಬಟ್ಟೆಯಲ್ಲಿ ಕೈಯಾರೆ ಒರೆಸಿ, ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಬಿಡಿಸಿ ಹೊರಗೆ ಒಣಗಲು ಹಾಕಿ.