ಮಸಾಜ್ ಮಾಡುವ ಕೈಗೂ ಒಂದು ಕಾಗದ: ಮುಂಬೈಯಲ್ಲಿ ಪಡೆಯುವುದು ಹೇಗೆ, ಕೇಳುವುದು ಹೇಗೆ

ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡುತ್ತಿದ್ದ ಚಿಕ್ಕ ಮಸಾಜ್ ಸೆಂಟರಿಗೆ ಒಂದು ಮಧ್ಯಾಹ್ನ ಇಬ್ಬರು ಪೊಲೀಸರು ಬಂದರು. ಒಳಗೆ ಬೆನ್ನು ನೋವಿನ ಅಜ್ಜಿಯೊಬ್ಬರು ಮಲಗಿದ್ದರು, ನನ್ನ ಕೈ ಮೊಣಕೈವರೆಗೂ ಎಳ್ಳೆಣ್ಣೆ. ಗೋಡೆಯ ಮೇಲೆ ಗಾಜು ಹಾಕಿಸಿದ ಗುಮಾಸ್ತಾ (ಅಂಗಡಿ ನೋಂದಣಿಯ ಕಾಗದಕ್ಕೆ ಇಲ್ಲಿ ಹಾಗನ್ನುತ್ತಾರೆ) ಇತ್ತಲ್ಲ, ಒಬ್ಬರು ಅದನ್ನು ಓದಿದರು. ‘ಬ್ಯೂಟಿ ಪಾರ್ಲರ್’ ಅಂತ ಬರೆದಿತ್ತು. “ಇದರಲ್ಲಿ ಮಸಾಜ್ ಎಲ್ಲಿದೆ? ನಿಮ್ಮ ಲೈಸೆನ್ಸ್ ಎಲ್ಲಿ?” ಅಂದರು. ನನ್ನ ಹತ್ತಿರ ಆಧಾರ್ ಕಾರ್ಡ್ ಬಿಟ್ಟರೆ ಏನೂ ಇರಲಿಲ್ಲ. ತಪ್ಪು ಅಂತ ಏನೂ ಸಿಗಲಿಲ್ಲ, ಆದರೂ ಹೆಸರು, ವಿಳಾಸ ಎಲ್ಲ ಬರೆದುಕೊಂಡು ಹೋದರು. ಆ ರಾತ್ರಿ ಊರಿನಿಂದ ಅವ್ವ ಫೋನ್ ಮಾಡಿದಾಗ ನಾನು ಏನೂ ಹೇಳಲಿಲ್ಲ.

ಆಮೇಲೆ ನನಗೆ ಗೊತ್ತಾಗಿದ್ದು ಇಷ್ಟು. ನರ್ಸಿಗೆ ಇರುವ ಹಾಗೆ, ಫಿಸಿಯೋಥೆರಪಿಸ್ಟ್‌ಗೆ ಇರುವ ಹಾಗೆ, ಮಸಾಜ್ ಮಾಡುವವರಿಗೆ ಅಂತಲೇ ಮಹಾರಾಷ್ಟ್ರದಲ್ಲಿ ಲೈಸೆನ್ಸ್ ಕಾನೂನು ಇಲ್ಲ. ಇರುವುದೆಲ್ಲ ಅಂಗಡಿಯ ಕಾಗದ, ಕೈಯ ಕಾಗದ ಅಲ್ಲ. ಹಾಗಾಗಿ ಎರಡು ಕೆಲಸ ಒಟ್ಟಿಗೆ ಮಾಡಬೇಕು. ಇವತ್ತು ಸಿಗುವ ಕಾಗದಗಳನ್ನೆಲ್ಲ ಜೋಡಿಸಿಕೊಳ್ಳಬೇಕು, ನಾಳೆ ಬರಬೇಕಾದ ಕಾನೂನನ್ನು ಕೇಳಬೇಕು.

ಮೊದಲು, ಬೋರ್ಡಿನ ಮೇಲೆ ಏನಿದೆ ನೋಡಿ

ಬೋರ್ಡಿನಲ್ಲಿ, ಕಾರ್ಡಿನಲ್ಲಿ, ವಾಟ್ಸಾಪ್‌ನಲ್ಲಿ ‘ಫಿಸಿಯೋಥೆರಪಿಸ್ಟ್’ ಅಂತ ಬರೆದಿದ್ದರೆ ಇವತ್ತೇ ಅಳಿಸಿ. ಆ ಕೆಲಸಕ್ಕೆ ಈ ರಾಜ್ಯದಲ್ಲಿ 2002ರ ಕಾಯ್ದೆಯಡಿ ಪ್ರತ್ಯೇಕ ಕೌನ್ಸಿಲ್ ಇದೆ. ದೇಶದ ಮಟ್ಟದಲ್ಲಿ 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಕಾಯ್ದೆಯಲ್ಲೂ ಫಿಸಿಯೋಥೆರಪಿಸ್ಟ್‌ಗಳಿಗೆ ಜಾಗ ಇದೆ. ಪಂಚಕರ್ಮ ಅಂದರೆ ಅದು ಆಯುರ್ವೇದ ವೈದ್ಯರ ಕೈಕೆಳಗೆ ಆಗುವ ಚಿಕಿತ್ಸೆ. ‘ಈ ಎಣ್ಣೆ ಹಚ್ಚಿದರೆ ಲಕ್ವ ವಾಸಿ’ ಅಂತ ಜಾಹೀರಾತು ಹಾಕುವುದಂತೂ ಬೇಡವೇ ಬೇಡ. ಮಾಂತ್ರಿಕ ಔಷಧಿಗಳ ಜಾಹೀರಾತು ತಡೆಯುವ 1954ರ ಕಾಯ್ದೆಯ ಪಟ್ಟಿಯಲ್ಲಿ ಲಕ್ವದ ಹೆಸರೂ ಇದೆ. ಮಸಾಜ್ ಅನ್ನಿ, ಅಭ್ಯಂಗ ಅನ್ನಿ, ಬಾಣಂತಿ–ಮಗುವಿನ ಮಾಲೀಶ್ ಅನ್ನಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಆಮೇಲೆ ಒಂದು ಫೈಲ್ ಮಾಡಿ

ಸ್ವಂತ ಜಾಗ ಇದ್ದವರು ಗುಮಾಸ್ತಾದಿಂದ ಶುರು ಮಾಡಿ. 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಲ್ಲಿ ಕೆಲಸದವರು ಕಡಿಮೆ ಇರುವ ಕಡೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಟ್ಟರೆ ಸಾಕು, ದೊಡ್ಡದಾದರೆ ನೋಂದಣಿ. ಅರ್ಜಿಯಲ್ಲಿ ಏನು ವ್ಯವಹಾರ ಅಂತ ಕೇಳುವ ಕಡೆ ಮಸಾಜ್ ಅನ್ನುವ ಶಬ್ದ ಇರಲೇಬೇಕು. ಏಜೆಂಟರು “ಸುಮ್ನೆ ಬ್ಯೂಟಿ ಪಾರ್ಲರ್ ಅಂತ ಹಾಕೋಣ, ಬೇಗ ಆಗುತ್ತೆ” ಅನ್ನುತ್ತಾರೆ. ಒಪ್ಪಬೇಡಿ, ನನ್ನ ಗತಿ ಓದಿದಿರಲ್ಲ.

ಅದರ ಜೊತೆಗೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಒಂದು ಪೈಸೆ ಕೊಡಬೇಕಿಲ್ಲ. ವಾರ್ಡ್ ಆಫೀಸಿನ ಆರೋಗ್ಯ ವಿಭಾಗಕ್ಕೆ ಹೋಗಿ, 1888ರ ಮುಂಬೈ ಪಾಲಿಕೆ ಕಾಯ್ದೆಯ 394ನೇ ಕಲಮಿನಡಿ ನಮ್ಮ ಕೆಲಸಕ್ಕೆ ಪರವಾನಿಗೆ ಬೇಕಾ ಅಂತ ಬರೆದೇ ಕೇಳಿ. ಕೌಂಟರಿನಲ್ಲಿ ಬಾಯಿ ಮಾತಲ್ಲಿ ಹೇಳಿದ್ದು ನಾಳೆ ಉಪಯೋಗಕ್ಕೆ ಬರುವುದಿಲ್ಲ. ಬಾಡಿಗೆ ಕರಾರು, ಕೆಲಸದವರ ಗುರುತಿನ ಚೀಟಿಗಳ ನಕಲು, ಸಂಬಳ ಕೊಟ್ಟ ಲೆಕ್ಕ, ಎಲ್ಲ ಅದೇ ಫೈಲಿನಲ್ಲಿರಲಿ. ಬೇರೆಯವರ ಸೆಂಟರಿನಲ್ಲಿ ದುಡಿಯುವವರು ಮಾಲೀಕರ ಗುಮಾಸ್ತಾದ ಒಂದು ಫೋಟೋ ತಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಇನ್ನು ಕೈಯ ವಿಷಯ. ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್ ಅಂತ ಇದೆ. ಅಲ್ಲಿ ಅಸಿಸ್ಟೆಂಟ್ ಸ್ಪಾ ಥೆರಪಿಸ್ಟ್, ಸ್ಪಾ ಥೆರಪಿಸ್ಟ್ ಅಂತ ಗೊತ್ತುಮಾಡಿದ ಕೋರ್ಸುಗಳಿವೆ. ಹತ್ತು ವರ್ಷದಿಂದ ಕೆಲಸ ಮಾಡುತ್ತಿರುವವರು ‘ಆರ್‌ಪಿಎಲ್’ ಅಂತ ಕೇಳಿ, ಅಂದರೆ ಮೊದಲೇ ಗೊತ್ತಿರುವ ಕೆಲಸವನ್ನು ನೋಡಿ ಸರ್ಟಿಫಿಕೇಟ್ ಕೊಡುವ ದಾರಿ. ಸರ್ಕಾರದ ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್ ವೆಬ್‌ಸೈಟಿನಲ್ಲಿ ಹುಡುಕಬಹುದು. ಇದು ಲೈಸೆನ್ಸ್ ಅಲ್ಲ, ನೆನಪಿರಲಿ. ಆದರೆ “ನಿನಗೆ ಏನು ಗೊತ್ತು?” ಅಂತ ಯಾರಾದರೂ ಕೇಳಿದರೆ ಮುಂದೆ ಹಿಡಿಯಲು ಒಂದು ಕಾಗದ ಆಗುತ್ತದೆ.

ಈಗ ಕಾನೂನು ಕೇಳುವುದು

ಇಲ್ಲಿ ಜನ ಹೆದರುತ್ತಾರೆ. “ಸರ್ಕಾರದ ಹತ್ತಿರ ಹೋಗಿ ನಾವೇ ಲೈಸೆನ್ಸ್ ಹಾಕಿ ಅಂತ ಕೇಳುವುದಾ? ಇದ್ದ ಅನ್ನವೂ ಹೋಗುತ್ತೆ” ಅಂತ ನನ್ನ ಜೊತೆಯ ಹುಡುಗಿಯರೇ ಅಂದಿದ್ದಾರೆ. ಅವರ ಹೆದರಿಕೆ ಸುಳ್ಳಲ್ಲ. ಆದರೆ ನಾವು ಕೇಳದಿದ್ದರೂ ನಿಯಮ ಬಂದೇ ಬರುತ್ತದೆ, ಆಗ ಅದನ್ನು ಬರೆಯುವವರು ನಮ್ಮ ಕೆಲಸವನ್ನು ಅನುಮಾನದಿಂದಲೇ ನೋಡಿ ಬರೆದಿರುತ್ತಾರೆ. ದೆಹಲಿಯಲ್ಲಿ 2021ರಲ್ಲಿ ಹಾಗೇ ಆಯಿತು. ಹೆಂಗಸರು ಗಂಡಸರಿಗೆ, ಗಂಡಸರು ಹೆಂಗಸರಿಗೆ ಮಸಾಜ್ ಮಾಡುವಂತಿಲ್ಲ ಅಂತ ಮಾರ್ಗಸೂಚಿ ಬಂತು. ಸ್ಪಾ ನಡೆಸುವವರು ಕೋರ್ಟಿಗೆ ಹೋದರು. ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ವೇಶ್ಯಾವಾಟಿಕೆ ತಡೆಯುವುದಕ್ಕೂ ಈ ನಿಷೇಧಕ್ಕೂ ಸರಿಯಾದ ಸಂಬಂಧ ಕಾಣುವುದಿಲ್ಲ ಅಂತ. ಅಷ್ಟರೊಳಗೆ ಕೆಲಸ ಕಳೆದುಕೊಳ್ಳುವ ಭಯದಲ್ಲಿ ಬದುಕಿದವರು ನಮ್ಮಂಥವರೇ ಅಲ್ವಾ?

ನಮಗೆ ಆಧಾರವೂ ಇದೆ. ಸಂವಿಧಾನದ 19(1)(ಜಿ) ಯಾವುದೇ ಉದ್ಯೋಗ ಮಾಡುವ ಹಕ್ಕು ಕೊಡುತ್ತದೆ, 19(6) ಅದಕ್ಕೆ ಬೇಕಾದ ಅರ್ಹತೆ ಗೊತ್ತುಮಾಡಲು ಸರ್ಕಾರಕ್ಕೆ ಅವಕಾಶ ಕೊಡುತ್ತದೆ. ವೈದ್ಯಕೀಯ ಮತ್ತು ಇತರ ವೃತ್ತಿಗಳು ಸಮವರ್ತಿ ಪಟ್ಟಿಯಲ್ಲಿವೆ, ಹಾಗಾಗಿ ರಾಜ್ಯವೂ ಕಾನೂನು ಮಾಡಬಹುದು. ಅಮೆರಿಕದ ಒಹಾಯೋದಲ್ಲಿ 1916ರಲ್ಲೇ ಮಸಾಜ್ ಮಾಡುವವರಿಗೆ ಲೈಸೆನ್ಸ್ ಬಂತು. ನ್ಯೂಯಾರ್ಕಿನಲ್ಲಿ ಲೈಸೆನ್ಸಿಗೆ 1000 ಗಂಟೆ ಕಲಿತಿರಬೇಕು.

ಆ 1000 ಗಂಟೆಯನ್ನು ಇಲ್ಲಿಗೆ ಹಾಗೇ ತರಬೇಡಿ ಅನ್ನುವುದೇ ನನ್ನ ದೊಡ್ಡ ಕಾಳಜಿ. ನಮ್ಮ ಕಡೆಯ ದೊಡ್ಡವ್ವ ಒಬ್ಬರು ಧಾರಾವಿಯಲ್ಲಿದ್ದಾರೆ. ಬೆಳಗಿನ ಜಾವ ಸಾಯನ್‌ನಲ್ಲಿ ಸ್ಲೋ ಲೋಕಲ್ ಹತ್ತಿ ಮುಲುಂಡಿಗೆ ಹೋಗಿ ಮೂರು ಮನೆ ಬಾಣಂತನ ಮಾಡುತ್ತಾರೆ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಬೋರಲು ಮಾಡಿ ಕಣಕಾಲಿನ ಮೇಲೆ ಹಾಕಿಕೊಂಡು, ಅಂಗೈಯಲ್ಲೇ ಎಣ್ಣೆ ಬೆಚ್ಚಗೆ ಮಾಡಿ, ಬೆನ್ನುಹುರಿಯ ಆಚೆ ಈಚೆ ಎರಡು ಹೆಬ್ಬೆರಳು ಇಳಿಸುತ್ತಾರೆ. ಬೆನ್ನುಹುರಿಯ ಮೇಲೆ ಒಮ್ಮೆಯೂ ಒತ್ತುವುದಿಲ್ಲ. ನೀರಿಗೆ ಮೊಣಕೈ ಅದ್ದಿ ನೋಡಿಯೇ ಹುಯ್ಯುವುದು. ಅವರಿಗೆ ಸಹಿ ಹಾಕಲು ಬರುವುದಿಲ್ಲ. ಕ್ಲಾಸಿಗೆ ಹೋಗಿ ಇಂಗ್ಲಿಷ್ ಪರೀಕ್ಷೆ ಬರೆದು ಬಾ ಅಂದರೆ ಅವರ ಕೆಲಸ ಅಂದೇ ಮುಗಿಯಿತು.

ಹಾಗಾಗಿ ಶಾಸಕರಿಗೆ ಕೊಡುವ ಮನವಿಯಲ್ಲಿ ಇವು ಇರಲಿ. ಲೈಸೆನ್ಸ್ ಅಂಗಡಿಗಷ್ಟೇ ಅಲ್ಲ, ವ್ಯಕ್ತಿಗೂ ಬೇಕು, ಅಂಗಡಿ ಬದಲಾದರೂ ಅದು ನಮ್ಮ ಜೊತೆ ಬರಬೇಕು. ಈಗಾಗಲೇ ಕೆಲಸದಲ್ಲಿರುವವರಿಗೆ ಕೆಲವು ವರ್ಷದ ಸಮಯ ಕೊಡಬೇಕು, ಪರೀಕ್ಷೆ ಕೈಕೆಲಸ ನೋಡಿ, ಬಾಯಿಮಾತಿನಲ್ಲಿ, ನಮಗೆ ಬರುವ ಭಾಷೆಯಲ್ಲಿ ನಡೆಯಬೇಕು. ಮನೆಮನೆಗೆ ಹೋಗುವ ಮಾಲೀಶ್‌ವಾಲಿಗಳಿಗೆ ಫೀ ಬೇಡ. ತಪಾಸಣೆಗೆ ಆರೋಗ್ಯ ಇಲಾಖೆಯವರು ಬರಲಿ, ಜೊತೆಗೆ ಮಹಿಳಾ ಅಧಿಕಾರಿ ಇರಲಿ. ಕಣ್ಣು ಕಾಣದ ಮಸಾಜ್ ಕೆಲಸಗಾರರನ್ನು ಮರೆಯಬೇಡಿ. ದಕ್ಷಿಣ ಕೊರಿಯಾದಲ್ಲಿ ಮಸಾಜ್ ಲೈಸೆನ್ಸನ್ನು ದೃಷ್ಟಿದೋಷ ಇರುವವರಿಗೇ ಮೀಸಲಿಟ್ಟಿದ್ದಾರೆ, 2008ರಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾವು ಅಷ್ಟು ಕೇಳಬೇಕಿಲ್ಲ, ಆದರೆ ಅವರಿಗೆ ಪರೀಕ್ಷೆ ಸುಲಭವಾಗಿ ಕೊಡುವ ವ್ಯವಸ್ಥೆಯಾದರೂ ಬೇಕು.

ಒಬ್ಬರೇ ಹೋಗಬೇಡಿ. ಏಳು ಜನ ಇದ್ದರೆ 1860ರ ಕಾಯ್ದೆಯಡಿ ಸೊಸೈಟಿ ನೋಂದಣಿಗೆ ಅರ್ಜಿ ಹಾಕಬಹುದು. ನೋಂದಣಿ ಆಗುವವರೆಗೆ ಕಾಯಬೇಕಿಲ್ಲ, ಸಹಿ ಸಂಗ್ರಹ ಶುರು ಮಾಡಿ. ಸಹಿ ಬಾರದವರ ಹೆಬ್ಬೆಟ್ಟೂ ಸಹಿಯೇ.

ಮುಂದಿನದು ಮಾಹಿತಿ ಹಕ್ಕು. ಮಸಾಜ್ ಸೆಂಟರಿಗೆ ಯಾವ ಯಾವ ಅನುಮತಿ ಬೇಕು, ಯಾವ ನಿಯಮದಡಿ ಅಂತ ಪಾಲಿಕೆಗೆ ಒಂದು ಅರ್ಜಿ, ಪೊಲೀಸರಿಗೆ ಒಂದು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ಸಂಕಟ ಎಲ್ಲ ಅಲ್ಲಿ ತೋಡಿಕೊಳ್ಳಬೇಡಿ, ಪ್ರಶ್ನೆ ಮಾತ್ರ ಬರೆಯಿರಿ.

ಆ ಉತ್ತರ ಹಿಡಿದುಕೊಂಡು ನಿಮ್ಮ ಶಾಸಕರ ಹತ್ತಿರ ಹೋಗಿ. ವಿಧಾನಸಭೆಯಲ್ಲಿ 288 ಜನ ಇದ್ದಾರೆ, ನಿಮ್ಮ ಓಟು ಇರುವ ಕ್ಷೇತ್ರದವರ ಮೇಲೆ ನಿಮಗೆ ಹಕ್ಕು ಜಾಸ್ತಿ. ಬಜೆಟ್ ಅಧಿವೇಶನ, ಮಳೆಗಾಲದ ಅಧಿವೇಶನ ಸಾಮಾನ್ಯವಾಗಿ ಮುಂಬೈಯಲ್ಲಿ, ಚಳಿಗಾಲದ್ದು ನಾಗಪುರದಲ್ಲಿ. ಪ್ರಶ್ನೆಗಳನ್ನು ಮುಂಚೆಯೇ ಕೊಡಬೇಕಾಗುತ್ತದೆ, ಅಧಿವೇಶನ ಶುರುವಾದ ಮೇಲೆ ಓಡಿದರೆ ತಡ. ಒಂದೂವರೆ, ಎರಡು ತಿಂಗಳು ಮೊದಲೇ ಹೋಗಿ. ತಾರಾಂಕಿತ ಪ್ರಶ್ನೆ, ಅಂದರೆ ಮಂತ್ರಿ ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ ಕೇಳಿ ಅನ್ನಿ, ಇಲ್ಲವೇ ‘ಲಕ್ಷವೇಧಿ’, ಅಂದರೆ ಮಂತ್ರಿಯ ಗಮನ ಸೆಳೆಯುವ ಸೂಚನೆ ಕೊಡಿ ಅನ್ನಿ. ಖಾಸಗಿ ಮಸೂದೆ ತರುತ್ತೇನೆ ಅಂದರೆ ಸಂತೋಷ, ಆದರೆ ಮೊದಲ ಸಲಕ್ಕೆ ಒಂದು ಪ್ರಶ್ನೆ ಸಾಕು. ಮಂತ್ರಿ ಸದನದಲ್ಲಿ ಕೊಟ್ಟ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ.

ಮನವಿ ಒಂದೇ ಪುಟ, ಮರಾಠಿಯಲ್ಲಿ. ನಮ್ಮವರು ಮರಾಠಿ ಸಲೀಸಾಗಿ ಮಾತಾಡುತ್ತಾರೆ, ಬರೆಯಲು ಕೂತರೆ ಕೈ ನಡುಗುತ್ತದೆ. ಮನೆಯಲ್ಲಿ ಶಾಲೆಗೆ ಹೋಗುವ ಮಗಳು ಇದ್ದರೆ ಅವಳಿಂದ ಬರೆಸಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಸಮೇತ ‘ಪೋಚ್’, ಅಂದರೆ ‘ತಲುಪಿದೆ’ ಅನ್ನುವ ಸಿಕ್ಕಾ ಹಾಕಿಸಿಕೊಳ್ಳಿ. “ಆಮೇಲೆ ಬನ್ನಿ” ಅಂದರೆ ವಾದ ಬೇಡ, ಹತ್ತಿರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಅದೇ ಫೈಲಿಗೆ ಸೇರಿಸಿ, ಗುಮಾಸ್ತಾದ ಹಿಂದೆ.