ಹಿಂದೆ ಪಿಕಪ್ ಇಲ್ಲದ 113 ಕಿಲೋಮೀಟರ್

2024ರ ಅಕ್ಟೋಬರ್ 27ರಂದು ಗೋವಾದ ಮಿರಾಮಾರ್ ಬೀಚ್‌ನಲ್ಲಿ ಶುರುವಾದ ಐರನ್‌ಮ್ಯಾನ್ 70.3 ಸ್ಪರ್ಧೆಯನ್ನು ನಾನು 7 ಗಂಟೆ 49 ನಿಮಿಷದಲ್ಲಿ ಮುಗಿಸಿದೆ. ಕಡಲಲ್ಲಿ 1.9 ಕಿ.ಮೀ ಈಜು, ಆಮೇಲೆ 90 ಕಿ.ಮೀ ಸೈಕಲ್, ಆಮೇಲೆ 21.1 ಕಿ.ಮೀ ಓಟ. ಕೂಡಿಸಿದರೆ 113 ಕಿಲೋಮೀಟರ್. ಮೈಲಿಯ ಲೆಕ್ಕದಲ್ಲಿ 70.3, ಹೆಸರು ಬಂದಿದ್ದೇ ಅದರಿಂದ. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು.

ನನಗೆ 43 ವರ್ಷ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ನಾಲ್ಕು ಎಕರೆ ಕಾಫಿ ತೋಟ. ನಾನು ಕುಶಾಲನಗರದ ಹತ್ತಿರ ಕೂಡ್ಲೂರಿನ ಒಂದು ಕಾಫಿ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜ ಸಂಸ್ಕರಿಸುವ ಕಡೆ, ಲೆಕ್ಕ ಬರೆಯುತ್ತೇನೆ. ಮನೆಯಲ್ಲಿ ಅತ್ತೆ, ಯಜಮಾನರು, ಪಿಯುಸಿ ಓದುವ ಮಗಳು, ಎಂಟನೇ ಕ್ಲಾಸಿನ ಮಗ. ಗೋವಾದಿಂದ ಬಂದ ಮೇಲೆ ತುಂಬಾ ಜನ ಕೇಳಿದರು, ಅದರಲ್ಲೂ ಮದುವೆಯಾಗಿ ಮಕ್ಕಳಿರುವ ಹೆಂಗಸರು: ಟೈಮ್ ಎಲ್ಲಿಂದ ತಂದೆ ಅಂತ. ಟೈಮ್ ನಾನು ತರಲಿಲ್ಲ, ಇನ್ನೊಬ್ಬರ ಟೈಮ್ ತೆಗೆದುಕೊಂಡೆ. ಅದನ್ನು ಹೇಗೆ ಕೇಳಿದೆ, ಅವರು ಹೇಗೆ ಕೊಟ್ಟರು ಅನ್ನೋದನ್ನೇ ಬರೆಯುತ್ತೇನೆ. ಎಷ್ಟು ವೇಗದಲ್ಲಿ ಓಡಬೇಕು ಅನ್ನೋದು ಎಲ್ಲ ಕಡೆ ಸಿಗುತ್ತದೆ.

ಓಟ ನನಗೆ ಹೊಸದಲ್ಲ. ನಾಲ್ಕು ವರ್ಷದಿಂದ ಓಡುತ್ತಿದ್ದೆ, ಎರಡು ಹಾಫ್ ಮ್ಯಾರಥಾನ್ ಮುಗಿಸಿದ್ದೆ. ಸೈಕಲ್ ಸ್ಕೂಲಿನಲ್ಲಿ ಬಿಟ್ಟಿದ್ದು. ಈಜು ಅಂದರೆ ತಲೆ ನೀರಿನ ಮೇಲಿಟ್ಟುಕೊಂಡು ಕೈಕಾಲು ಬಡಿಯೋದು, ಅಷ್ಟೇ. 2023ರಲ್ಲಿ ಇಡೀ ವರ್ಷ ತಿಂಗಳಿಗೆ ಎರಡು ಶನಿವಾರ ಮೈಸೂರಿಗೆ ಹೋಗಿ ಈಜುಕೊಳದಲ್ಲಿ ಕಲಿತೆ. ಮುಖ ನೀರೊಳಗಿದ್ದಾಗ ಉಸಿರು ಬಿಡಬೇಕು, ಹಿಡಿದಿಟ್ಟುಕೊಳ್ಳಬಾರದು. ಈ ಒಂದು ಮಾತು ಮೈಗೆ ಹತ್ತಲು ನನಗೆ ಮೂರು ತಿಂಗಳು ಬೇಕಾಯಿತು. ಅದು ಹತ್ತಿದ ಮೇಲೆ ಉಳಿದದ್ದು ಬೇಗ ಬಂತು.

2024ರ ಮಾರ್ಚ್‌ನಲ್ಲಿ, ರೊಬಸ್ಟಾ ಕುಯ್ಲು ಮುಗಿದು ಕಣ ಖಾಲಿಯಾದ ವಾರ, ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಒಂದು ಕ್ಯಾಲೆಂಡರ್ ಮುಂದಿಟ್ಟೆ. ಆಗ ಇನ್ನೂ ಹೆಸರು ಕೊಟ್ಟಿರಲಿಲ್ಲ, ಅದು ಮುಖ್ಯ. ದುಡ್ಡು ಕಟ್ಟಿ ಬಂದು "ಸಹಾಯ ಮಾಡಿ" ಅಂದರೆ ಅದು ಕೇಳಿದ ಹಾಗಲ್ಲ, ಅಲ್ವಾ? ವಾರಕ್ಕೆ ಎಂಟರಿಂದ ಹತ್ತು ಗಂಟೆ ಬೇಕು, ಕೊನೆಯ ಎರಡು ತಿಂಗಳು ಹನ್ನೊಂದು ಆಗಬಹುದು, ಭಾನುವಾರ ಬೆಳಿಗ್ಗೆ ನಾನು ಇರೋದಿಲ್ಲ, ಇಷ್ಟನ್ನೂ ಹೇಳಿದೆ. ದುಡ್ಡಿನ ಲೆಕ್ಕವನ್ನೂ ಹೇಳಿದೆ. ಹಳೇ ರೋಡ್ ಬೈಕ್ ಒಂದು ಮೈಸೂರಿನಲ್ಲಿ ನೋಡಿದ್ದೆ, ಆ ವರ್ಷದ ಮೆಣಸಿನಲ್ಲಿ ಒಂದು ಚೀಲಕ್ಕಿಂತ ಸ್ವಲ್ಪ ಜಾಸ್ತಿ ಅದಕ್ಕೇ ಹೋಗುತ್ತದೆ ಅಂದೆ.

ಯಜಮಾನರು ಬೇಗ ಒಪ್ಪಿದರು. ಆದರೆ ಭಾನುವಾರ ಮಧ್ಯಾಹ್ನದ ಊಟ ಎಲ್ಲರೂ ಒಟ್ಟಿಗೇ ಮಾಡಬೇಕು ಅಂದರು. ಮಗಳು ತನ್ನ ಪರೀಕ್ಷೆ ವಾರಗಳನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಆ ದಿನಗಳಲ್ಲಿ ಬೆಳಿಗ್ಗೆ ಮನೆಯಲ್ಲಿರು ಅವ್ವಾ ಅಂದಳು. ಅತ್ತೆ ಮಾತ್ರ ಏನೂ ಹೇಳಲಿಲ್ಲ. ಅವರಿಗೆ ನೀರಿನ ಭಯ. 2018ರಲ್ಲಿ, ಮತ್ತೆ 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದಾಗ ಅವರ ತಂಗಿಯ ಮನೆಯಲ್ಲಿ ಎದೆಮಟ್ಟ ನೀರು ನಿಂತಿತ್ತು. ಎರಡು ದಿನ ಬಿಟ್ಟು ಅವರು ಕೇಳಿದ್ದು ಒಂದೇ ಮಾತು: "ಕಡಲಲ್ಲಿ ಕಾಲು ನೆಲಕ್ಕೆ ಸಿಗ್ತದಾ?"

ಸಿಗೋದಿಲ್ಲ ಅತ್ತೆ ಅಂದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಅತ್ತೆ ತೋಟದ ಕೆರೆ ದಂಡೆಯಲ್ಲಿ ಬಿದಿರಿನ ಗಳ ಹಿಡಿದು ನಿಂತಿದ್ದರು. ಕಾಫಿ ಹೂ ಅರಳಲು ಬೇಕಾದ ಹೂ ಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲು ಅಂತ ಮಾವ ತೋಡಿಸಿದ ಕೆರೆ ಅದು. ಎಲ್ಲೆಲ್ಲಿ ಎಷ್ಟು ಆಳ ಅಂತ ಅಳೆದು ಬಂದು, ಮಧ್ಯದಲ್ಲಿ ಒಂದೂವರೆ ಆಳು ಇದೆ, ಈ ಕಡೆಯಿಂದ ಆ ಕಡೆಗೆ ಹಗ್ಗ ಕಟ್ಟಿಸು, ದಂಡೆಯಲ್ಲಿ ಯಾರಾದರೂ ಇಲ್ಲದೆ ಇಳಿಯಬಾರದು ಅಂದರು. ಅದೇ ಅವರ ಒಪ್ಪಿಗೆ.

ಹಗ್ಗ 40 ಮೀಟರ್ ಆಯಿತು. 48 ಸಲ ಈಜಿದರೆ 1,920 ಮೀಟರ್, ಅಂದರೆ ಸ್ಪರ್ಧೆಯ ದೂರ. ಲೆಕ್ಕ ಇಡೋದು ಮಗನ ಕೆಲಸ. ಒಂದು ಬಟ್ಟಲಲ್ಲಿ 48 ಕಾಫಿ ಬೀಜ ಇಟ್ಟುಕೊಂಡು, ನಾನು ದಂಡೆ ಮುಟ್ಟಿದಾಗಲೆಲ್ಲ ಒಂದೊಂದನ್ನೇ ಇನ್ನೊಂದು ಬಟ್ಟಲಿಗೆ ಹಾಕುತ್ತಿದ್ದ. ಕಡಲಲ್ಲಿ ಈಜುಕೊಳದ ಹಾಗೆ ಕೆಳಗೆ ಗೆರೆ ಇರೋದಿಲ್ಲ, ಎಂಟು ಹತ್ತು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣು ನೀರಿನಿಂದ ಮೇಲೆತ್ತಿ ಎತ್ತ ಹೋಗುತ್ತಿದ್ದೇನೆ ಅಂತ ನೋಡಿಕೊಳ್ಳಬೇಕು. ಅದನ್ನು ಕಲಿಯೋಕೆ ಆಚೆ ದಂಡೆಯ ಸಿಲ್ವರ್ ಓಕ್ ಮರಕ್ಕೆ ಕೆಂಪು ಬಕೆಟ್ ನೇತು ಹಾಕಿದೆವು. ಕೆರೆ ನೀರು ಟೀ ಬಣ್ಣದ್ದು, ಕೈ ಚಾಚಿದರೆ ಬೆರಳು ಕಾಣೋದಿಲ್ಲ. ಆ ಕತ್ತಲೆ ನೀರಿಗೆ ಹೆದರದೆ ಇರೋದನ್ನು ಅಲ್ಲೇ ಕಲಿತೆ. ಸೆಪ್ಟೆಂಬರ್‌ನಲ್ಲಿ ಎರಡು ಸಲ ಮಂಗಳೂರಿಗೆ ಹೋಗಿ ದಿನಾ ಕಡಲಲ್ಲಿ ಈಜುವವರ ಜೊತೆ ಇಳಿದೆ. ಅಲೆ, ಉಪ್ಪು ಹೊಸತು. ಕತ್ತಲೆ ಹಳೇದೇ.

ಸೈಕಲ್ ವಿಷಯ ಬೇರೆ. ಕೊಡಗಿನಲ್ಲಿ ಸಮತಟ್ಟು ರಸ್ತೆ ಎಲ್ಲಿದೆ? ವಾರದ ನಡುವೆ ಮಡಿಕೇರಿ ಕಡೆ ಏರು ಹತ್ತುತ್ತಿದ್ದೆ, ಕಾಲಿಗೆ ಬಲ ಬಂತು. ಆದರೆ ಮೂರೂವರೆ ನಾಲ್ಕು ಗಂಟೆ ನಿಲ್ಲದೆ ಒಂದೇ ಸಮ ತುಳಿಯೋಕೆ ಹುಣಸೂರು ರಸ್ತೆಗೇ ಹೋಗಬೇಕು. ನಮ್ಮಿಂದ ಕುಶಾಲನಗರಕ್ಕೆ ಹೋಗುವ ದಾರಿಯಲ್ಲಿ ಆನೆಕಾಡು ಬರುತ್ತದೆ, ಹೆಸರೇ ಹೇಳುತ್ತದೆ. ಬೆಳಗಿನ ಜಾವ ಅಲ್ಲಿ ಒಬ್ಬಳೇ ಸೈಕಲ್‌ನಲ್ಲಿ ಹೋಗುವ ಮಾತೇ ಇಲ್ಲ. ನಾಲ್ಕೂಮುಕ್ಕಾಲಿಗೆ ಯಜಮಾನರು ಸೈಕಲ್ ಅನ್ನು ಪಿಕಪ್‌ಗೆ ಹಾಕಿ, ಕಾವೇರಿ ಸೇತುವೆ ದಾಟಿ ಕೊಪ್ಪದಲ್ಲಿ ಇಳಿಸುತ್ತಿದ್ದರು. ಬೆಳಕು ಹರಿಯುವವರೆಗೆ ಇಂಡಿಕೇಟರ್ ಎರಡೂ ಹಾಕಿಕೊಂಡು ನನ್ನ ಹಿಂದೆಯೇ ಬರುತ್ತಿದ್ದರು. ಬೈಲಕುಪ್ಪೆ, ಪಿರಿಯಾಪಟ್ಟಣ, ಎರಡೂ ಕಡೆ ಹೊಗೆಸೊಪ್ಪಿನ ಹೊಲ, ಹುಣಸೂರು ದಾಟಿ ಸ್ವಲ್ಪ ಮುಂದೆ ಹೋಗಿ ತಿರುಗಿದರೆ ವಾಪಸ್ ಬರುವಷ್ಟರಲ್ಲಿ 90 ಆಗುತ್ತದೆ. ವಾರ ಪೂರ್ತಿ ತೋಟದಲ್ಲಿ ದುಡಿದ ಮನುಷ್ಯ ಭಾನುವಾರವೂ ನಾಲ್ಕು ಗಂಟೆಗೆ ಏಳೋದು ಅಂದರೆ ಸುಮ್ನೆ ಮಾತಲ್ಲ. ಮಳೆಗಾಲದಲ್ಲಿ ಜೋರು ಮಳೆ ಇದ್ದ ವಾರ ಜಗಲಿಯಲ್ಲೇ ಸೈಕಲ್ ಅನ್ನು ಟ್ರೈನರ್‌ಗೆ, ಅಂದರೆ ನಿಂತಲ್ಲೇ ತುಳಿಯುವ ಸ್ಟ್ಯಾಂಡ್‌ಗೆ, ಸಿಕ್ಕಿಸಿ ತುಳಿದೆ. ಕಕ್ಕಡ ಹದಿನೆಂಟರ ದಿನ, ಅಂದರೆ ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನುವ ಆಗಸ್ಟ್ 3ರಂದು, ಎರಡು ಗಂಟೆ ತುಳಿದು ಇಳಿದಾಗ ಅತ್ತೆ ಮದ್ದು ಸೊಪ್ಪಿನ ಪಾಯಸದ ಬಟ್ಟಲು ಕೈಗೆ ಕೊಟ್ಟಿದ್ದು ಈಗಲೂ ಕಣ್ಣಮುಂದೆ ಇದೆ.

ತಿನ್ನೋದರ ಬಗ್ಗೆ ಮಗಳು ಓದಿ ತಿಳಿದುಕೊಂಡಳು. ಸೈಕಲ್ ಮೇಲೆ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಹೋಗಬೇಕು ಅಂತ ಅಡುಗೆಮನೆ ಗೋಡೆಗೆ ಚೀಟಿ ಅಂಟಿಸಿದಳು. ಓಟಗಾರರು ಶಕ್ತಿಗೆ ಅಂತ ನುಂಗುವ ಅಂಗಡಿಯ ಸಿಹಿ ಜೆಲ್ ನನ್ನ ಹೊಟ್ಟೆಗೆ ಆಗಲಿಲ್ಲ, ಎರಡು ಭಾನುವಾರ ವಾಂತಿ ಆಯಿತು. ಕೊನೆಗೆ ಉಳಿದಿದ್ದು ಜೇನು, ನಿಂಬೆರಸ, ಉಪ್ಪು ಕಲಸಿದ ನೀರು, ಜೊತೆಗೆ ಬಾಳೆಹಣ್ಣು ಮತ್ತೆ ಬೆಲ್ಲ ಹಾಕಿದ ಅಕ್ಕಿ ಉಂಡೆ. ಯಾವುದು ನಿಮ್ಮ ಹೊಟ್ಟೆಗೆ ಹಿಡಿಸುತ್ತದೋ ಅದನ್ನು ತರಬೇತಿಯಲ್ಲೇ ಕಂಡುಕೊಳ್ಳಿ, ಸ್ಪರ್ಧೆಯ ದಿನ ಹೊಸದೇನನ್ನೂ ಬಾಯಿಗೆ ಹಾಕಬೇಡಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಗಸ್ಟ್‌ನಲ್ಲಿ ನಿಯಮಗಳನ್ನು ಕೂತು ಸರಿಯಾಗಿ ಓದಿದೆವು. ಸ್ಪರ್ಧೆಯ ದಿನ ಹೊರಗಿನವರ ಸಹಾಯ ತೆಗೆದುಕೊಳ್ಳುವ ಹಾಗಿಲ್ಲ. ಮನೆಯವರು ನೀರಿನ ಬಾಟಲಿ ಕೊಡಬಾರದು, ಪಕ್ಕದಲ್ಲಿ ಓಡಬಾರದು, ಸೈಕಲ್ ಮುಟ್ಟಬಾರದು. ದಾರಿಯಲ್ಲಿ ಆಯೋಜಕರು ಇಟ್ಟ ಕಡೆ ಮಾತ್ರ ನೀರು, ಹಣ್ಣು. ಇನ್ನೊಬ್ಬರ ಸೈಕಲ್‌ಗೆ 12 ಮೀಟರ್‌ಗಿಂತ ಹತ್ತಿರ ಹಿಂದೆ ಹಿಂದೆಯೇ ಹೋಗಬಾರದು. ಕಿವಿಗೆ ಹಾಡು ಇಲ್ಲ. ಅವತ್ತಿನವರೆಗೆ ನನಗೆ ಎರಡು ಸಲ ಪಂಕ್ಚರ್ ಆಗಿತ್ತು, ಎರಡೂ ಸಲ ಟ್ಯೂಬ್ ಬದಲಿಸಿದ್ದು ಯಜಮಾನರೇ.

ಮುಂದಿನ ಭಾನುವಾರ ಪಿರಿಯಾಪಟ್ಟಣ ದಾಟಿದ ಮೇಲೆ ಇವರು ಹಾರ್ನ್ ಮಾಡಿ ನಿಲ್ಲಿಸಿದರು. ಇಳಿದು ಬಂದು ನನ್ನ ಹಿಂದಿನ ಚಕ್ರದ ಗಾಳಿ ಪೂರ್ತಿ ಬಿಟ್ಟರು. ಟ್ಯೂಬ್ ಬದಲಿಸು ಅಂದರು. ಹೋಗಿ ಪಿಕಪ್ ಬಾಗಿಲಿಗೆ ಒರಗಿ, ಕೈ ಕಟ್ಟಿಕೊಂಡು ನಿಂತರು. ನನಗೆ 38 ನಿಮಿಷ ಹಿಡಿಯಿತು. ಚೈನಿನ ಎಣ್ಣೆ ಮೊಣಕೈವರೆಗೆ, ಟೈರ್ ಅಂಚು ಒಳಗೆ ಕೂರುತ್ತಿಲ್ಲ, ಸಿಟ್ಟಿಗೆ ಕಣ್ಣಲ್ಲಿ ನೀರು. ಅವರು ಒಂದು ಹೆಜ್ಜೆ ಮುಂದೆ ಬರಲಿಲ್ಲ. ಅವತ್ತು ಮನೆಗೆ ಬರುವವರೆಗೆ ನಾನು ಮಾತಾಡಲಿಲ್ಲ. ಅದಾದ ಮೇಲೆ ಪ್ರತಿ ಭಾನುವಾರ ಹೀಗೇ ಒಮ್ಮೆ. 38 ಇದ್ದಿದ್ದು 25 ಆಯಿತು, ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ 10. ನನಗಿಂತ ಅವರಿಗೇ ಅದು ಕಷ್ಟವಾಗಿತ್ತು ಅಂತ ಆಮೇಲೆ ಮಗಳು ಹೇಳಿದಳು, ರಾತ್ರಿ ಅವಳ ಹತ್ತಿರ ಹೇಳಿಕೊಂಡಿದ್ದರಂತೆ.

ಬಿಸಿಲಿಗೂ ತಯಾರಿ ಬೇಕಿತ್ತು. ಗೋವಾದ ಸೆಕೆಗೂ ನಮ್ಮ ಚಳಿಗೂ ಎಲ್ಲಿಂದೆಲ್ಲಿಗೆ! ದೇಹ ಬಿಸಿಲಿಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅದಕ್ಕೇ ಕೊನೆಯ ಎರಡು ವಾರ ಆಫೀಸಿನ ಊಟದ ಹೊತ್ತಿನಲ್ಲಿ ಕೂಡ್ಲೂರಿನಲ್ಲೇ ಬಿಸಿಲಲ್ಲಿ ನಲವತ್ತು ನಿಮಿಷ ಓಡಿದೆ. ನಮ್ಮ ಸೆಕ್ಷನ್‌ನವರು ಹೊಂದಿಸಿಕೊಂಡರು.

ಗೋವಾಕ್ಕೆ ಹೊರಟಿದ್ದು ನಾಲ್ಕು ಜನ. ದನ, ನಾಯಿ ನೋಡಿಕೊಳ್ಳಬೇಕು ಅಂತ ಅತ್ತೆ ಮನೆಯಲ್ಲೇ ಉಳಿದರು. ಸಂಪಾಜೆ ಇಳಿದು, ಮಂಗಳೂರು, ಉಡುಪಿ, ಕಾರವಾರ, ಸುಮಾರು 500 ಕಿ.ಮೀ. ಹಿಂದಿನ ದಿನ ಸೈಕಲ್ ಒಪ್ಪಿಸಿದೆ. ನೀರು ಬೆಚ್ಚಗಿರುವುದರಿಂದ ವೆಟ್‌ಸೂಟ್ (ಚಳಿ ತಡೆಯುವ ರಬ್ಬರ್ ಈಜುಡುಗೆ) ಇಲ್ಲ. ಕಾಲಿಗೆ ಟೈಮಿಂಗ್ ಚಿಪ್ ಕಟ್ಟಿಕೊಂಡು ಮರಳಲ್ಲಿ ನಿಂತಾಗ ಇವರ ಮುಖ ನೋಡಿದೆ. ಏಳು ತಿಂಗಳು ನನ್ನ ಹಿಂದೆ ಬಂದವರು ಈಗ ತಡೆಗೋಲಿನ ಆಚೆ, ಕೈ ಕಟ್ಟಿಕೊಂಡು.

ಸ್ವಲ್ಪ ಸ್ವಲ್ಪ ಜನರನ್ನೇ ನೀರಿಗೆ ಬಿಡುತ್ತಾರೆ, ಹಾಗಾಗಿ ನೂಕಾಟ ಕಡಿಮೆ. ಆದರೂ ಮೊದಲ ಇನ್ನೂರು ಮೀಟರ್ ಯಾರದೋ ಕಾಲು ಮುಖಕ್ಕೆ ಬಡಿದು ಉಸಿರು ಕೆಟ್ಟಿತು. ಒಂದು ಕ್ಷಣ ಅಂಗಾತ ತೇಲಿದೆ. ಆಮೇಲೆ ಬೀಜ ಎಣಿಸಲು ಶುರು ಮಾಡಿದೆ. ಕಡಲಲ್ಲಿ ದಂಡೆ ಇಲ್ಲ, ನನ್ನದೇ ಅಂದಾಜು, ಆದರೂ ಒಂದು ಬೀಜ, ಎರಡು ಬೀಜ ಅಂತ. ನಲವತ್ತರ ಹತ್ತಿರ ಮರಳು ಕೈಗೆ ಸಿಕ್ಕಿತು. 54 ನಿಮಿಷ. ಈಜಿಗೆ ಕೊಟ್ಟ ಸಮಯ 1 ಗಂಟೆ 10 ನಿಮಿಷ.

ಸೈಕಲ್‌ನಲ್ಲಿ 60 ಕಿ.ಮೀ ದಾಟಿದ ಮೇಲೆ ಹಿಂದಿನ ಚಕ್ರ ಕುಸಿಯಿತು. ನನಗೆ ಗಾಬರಿಯೇ ಆಗಲಿಲ್ಲ, ಇದನ್ನು ನಂಬಿ. ಪಕ್ಕಕ್ಕೆ ಇಳಿದೆ, ಚಕ್ರ ಬಿಚ್ಚಿದೆ, ಟೈರ್ ಒಳಗೆ ಬೆರಳಾಡಿಸಿ ಗಾಜಿನ ಚೂರು ತೆಗೆದೆ, ಹೊಸ ಟ್ಯೂಬ್ ಹಾಕಿದೆ, ಗಾಳಿ ತುಂಬಿದೆ. 11 ನಿಮಿಷ. ಒಮ್ಮೆ ಮಾತ್ರ ಅಭ್ಯಾಸಬಲದಿಂದ ತಿರುಗಿ ಪಿಕಪ್ ನಿಲ್ಲುವ ಜಾಗ ನೋಡಿದೆ.

ಓಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಿಸಿಲು, ಸೆಕೆ, ಪ್ರತಿ ನೀರಿನ ಟೇಬಲ್‌ನಲ್ಲೂ ತಲೆಗೆ ಐಸ್ ನೀರು. ಟೇಬಲ್‌ನಿಂದ ಟೇಬಲ್‌ಗೆ ಅಂತ ಓಡಿದೆ, ಹದಿನೈದನೇ ಕಿ.ಮೀ ಆದ ಮೇಲೆ ನಡುನಡುವೆ ನಡೆದೆ. ಒಂದು ತಿರುವಿನಲ್ಲಿ ಮಗ ಎರಡು ಬಟ್ಟಲು ಎತ್ತಿ ಹಿಡಿದು ನಿಂತಿದ್ದ, ಮನೆಯಿಂದ ತಂದಿದ್ದು ನನಗೆ ಗೊತ್ತೇ ಇರಲಿಲ್ಲ. ಗೆರೆ ದಾಟಿ ಹೊರಗೆ ಬಂದ ಮೇಲೆ ಇವರು ಮಾತಾಡದೆ ನೆಲದಲ್ಲಿ ಕೂತು ನನ್ನ ಶೂ ದಾರ ಬಿಚ್ಚಿದರು.

ಅದೇ ದಿನ ಅದೇ ಸ್ಪರ್ಧೆಯನ್ನು ಸಂಸದ ತೇಜಸ್ವಿ ಸೂರ್ಯ ಮುಗಿಸಿದ್ದರಿಂದ ಊರಲ್ಲಿ ತುಂಬಾ ಜನರಿಗೆ ಇದರ ಹೆಸರು ಆಗಲೇ ಗೊತ್ತಾಗಿತ್ತು, ಏನು ಎತ್ತ ಅಂತ ವಿವರಿಸುವ ಕೆಲಸ ತಪ್ಪಿತು.

ಸೋಮವಾರ ರಾತ್ರಿ ಮನೆ ಮುಟ್ಟಿದಾಗ ಸಣ್ಣ ಮಳೆ. ಅತ್ತೆ ಗೇಟಿನ ಹತ್ತಿರ ಟಾರ್ಚ್ ಹಿಡಿದು ನಿಂತಿದ್ದರು. ಮೆಡಲ್ ತೋರಿಸಿದೆ, ಒಮ್ಮೆ ಕೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟರು.

"ಎಷ್ಟು ಆಳ ಇತ್ತು?" ಅಂದರು.

"ಗೊತ್ತಿಲ್ಲ ಅತ್ತೆ. ಕೆಳಗೆ ನೋಡಲೇ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಡೆಯಲ್ಲಿ ನೀರು ಕಾದಿದೆ, ಮೊದಲು ಸ್ನಾನ ಮಾಡಿ ಬಾ" ಅಂದರು.